ಒಂದು ಹಿಡಿ ಗುಲಾಬಿ ಚಿಪ್ಪು

ಹನ್ನೊಂದು ಗಂಟೆಯಾದರೂ ಮಿರ್ತೆಯ ಅಂಗಡಿಯಲ್ಲಿ ಬೋಣಿಯೇ ಆಗಿರಲಿಲ್ಲ.

ಅಂಗಡಿಯೆಂದರೆ ಮೊಣಕಾಲೆತ್ತರಕ್ಕೆ ಮರಳು ಗುಡ್ಡೆ ಹಾಕಿ, ನೆತ್ತಿಯನ್ನು ಸಲಿಕೆಯಿಂದ ತಟ್ಟಿ ಸಮ ಮಾಡಿದ ಒಂದು ಕಟ್ಟೆ. ಅದರ ಮೇಲೆ ಸಾಲಾಗಿ ನೆಟ್ಟ ಕಾಗದದ ಹೂಗಳು. ಫ್ಲಾಂಡರ್ಸಿನ ಕಡಲತೀರದಲ್ಲಿ ಬೇಸಿಗೆ ರಜೆ ಬಂತೆಂದರೆ ಇಂಥ ಅಂಗಡಿಗಳು ನಾಯಿಕೊಡೆಗಳ ಹಾಗೆ ಏಳುತ್ತವೆ. ಮಾರುವವರೂ ಮಕ್ಕಳು, ಕೊಳ್ಳುವವರೂ ಹೆಚ್ಚಾಗಿ ಮಕ್ಕಳೇ. ದುಡ್ಡು ನಡೆಯುವುದಿಲ್ಲ. ಹೂ ಬೇಕಾದವರು ಹಿಡಿ ಲೆಕ್ಕದಲ್ಲಿ ಚಿಪ್ಪು ಕೊಡಬೇಕು, ಅದೂ ಉಗುರಿನಷ್ಟು ಗಾತ್ರದ, ಗುಲಾಬಿ ಬಣ್ಣದ ಚಿಪ್ಪನ್ನೇ. ಪಕ್ಕದೂರಿನ ತೀರದಲ್ಲಿ ಉದ್ದನೆಯ ಚೂರಿಚಿಪ್ಪು ನಡೆಯುತ್ತದೆ. ಅದನ್ನು ಇಲ್ಲಿಗೆ ತಂದರೆ ಮಕ್ಕಳು ಖೋಟಾ ನೋಟು ಕಂಡ ಬ್ಯಾಂಕಿನವರ ಹಾಗೆ ಮುಖ ಮಾಡುತ್ತಾರೆ.

ಬೋಣಿಯಾಗದ್ದು ಮಿರ್ತೆಯ ತಪ್ಪಲ್ಲ, ಹೂಗಳ ತಪ್ಪು. ಹೂಗಳ ತಪ್ಪು ಅವಳ ಅಜ್ಜ ಫಿರ್ಮಿನ್‌ನದು. ಅವನ ಹೆಂಡತಿ ಯೂಲಿಯೆನ್ ಬದುಕಿದ್ದಾಗ ಈ ಕಾಗದದ ಹೂ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳು ಹೋದ ಮೇಲೆ ಫಿರ್ಮಿನ್ ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮುಂದೆ ಕೂತು ಬಣ್ಣದ ಕಾಗದ, ತಂತಿ, ಅಂಟುಗಳ ಜೊತೆ ಗುದ್ದಾಡಿದ್ದ. ಆದರೆ ಟ್ರಾಮ್ ಡಿಪೋದಲ್ಲಿ ಬ್ರೇಕು ರಿಪೇರಿ ಮಾಡಿಕೊಂಡೇ ಮುದಿಯಾದ ಕೈ ಅದು. ಗುಲಾಬಿ ಎಂದು ಶುರು ಮಾಡಿದ್ದು ಎಲೆಕೋಸಾಗಿ ಮುಗಿಯುತ್ತಿತ್ತು. ಸೂರ್ಯಕಾಂತಿಯನ್ನು ಕಂಡವರಿಗೆ ಪಾತ್ರೆ ತಿಕ್ಕುವ ನಾರಿನ ನೆನಪಾಗುತ್ತಿತ್ತು.

“ಅಜ್ಜ, ನಮ್ ಹೂ ಚೆನ್ನಾಗಿಲ್ವಾ?” ಮಿರ್ತೆ ಕೇಳಿದಳು. ಅವಳಿಗೆ ಎಂಟು ವರ್ಷ.

“ಚೆನ್ನಾಗಿಲ್ದೆ ಏನು? ಜನಕ್ಕೆ ಕಣ್ಣಿಲ್ಲ ಅಷ್ಟೆ.”

“ಕಣ್ಣಿದೆ ಅಜ್ಜ. ಬಂದು ನೋಡ್ತಾರೆ. ಆಮೇಲೆ ನಗ್ತಾರೆ.”

ಫಿರ್ಮಿನ್ ವಾಲಿದ್ದ ಒಂದು ಸೂರ್ಯಕಾಂತಿಯನ್ನು ನೆಟ್ಟಗೆ ನಿಲ್ಲಿಸಿದ. ಈ ಒಂದು ದಿನಕ್ಕಾಗಿ ಅವನು ಮಗಳು ಹಿಲ್ಡೆಯನ್ನು ಎಷ್ಟು ಕಾಡಿಬೇಡಿದ್ದನೆಂದು ಅವನಿಗೇ ಗೊತ್ತು. ಎರಡು ಬೇಸಿಗೆಯಿಂದ ಮೊಮ್ಮಗಳು ರಜೆ ಕಳೆಯುತ್ತಿದ್ದದ್ದು ಬೀಗರಾದ ಅಡೆಮಾರ್ ಅವರ ಬಳಿ. ಅಡೆಮಾರ್ ಹಲ್ಲಿನ ಡಾಕ್ಟರು, ಈಗ ನಿವೃತ್ತರು. ಸಮುದ್ರಕ್ಕೆ ಮುಖ ಮಾಡಿದ ನಾಲ್ಕನೇ ಮಹಡಿಯ ಫ್ಲಾಟು ಅವರದು. ಫಿರ್ಮಿನ್‌ಗೆ ಇದ್ದದ್ದು ಒಳನಾಡಿನ ಆಲ್ಸ್ಟ್ ಊರಿನಲ್ಲಿ ಒಂದು ಪುಟ್ಟ ಮನೆ. ಕೊನೆಗೆ ಹಿಲ್ಡೆ, “ಸರಿ ಅಪ್ಪ, ಒಂದಿನ ಬೀಚಿಗೆ ಕರ್ಕೊಂಡು ಹೋಗು. ಅವಳಿಗೆ ಖುಷಿಯಾದ್ರೆ ಆಗಸ್ಟಲ್ಲಿ ಒಂದು ವಾರ ನಿನ್ ಮನೇಲೇ ಬಿಡ್ತೀನಿ. ಸಾಯಂಕಾಲ ಅವಳನ್ನೇ ಕೇಳ್ತೀನಿ,” ಎಂದಿದ್ದಳು. ಆ ಮಾತು ಕಿವಿಗೆ ಬಿದ್ದ ದಿನವೇ ಫಿರ್ಮಿನ್ ಮೇಲಿನ ಕೋಣೆಗೆ ಮಿರ್ತೆಗೆ ಇಷ್ಟವಾದ ಹಳದಿ ಬಣ್ಣ ಬಳಿದಿದ್ದ.

ಅವನ ಬಳಿ ಒಂದು ಬಕೆಟ್ ಗುಲಾಬಿ ಚಿಪ್ಪೂ ಇತ್ತು. ಚಳಿಗಾಲದ ಭಾನುವಾರಗಳಲ್ಲಿ, ಮೂಗು ಉದುರಿ ಬೀಳುವಂಥ ಗಾಳಿಯಲ್ಲಿ ಇದೇ ತೀರಕ್ಕೆ ಬಂದು ಒಂದೊಂದಾಗಿ ಹೆಕ್ಕಿ, ಮನೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದನ್ನೂ ತಿಕ್ಕಿ ತೊಳೆದದ್ದು. ಮೊಮ್ಮಗಳಿಗೆ ಕೊಟ್ಟರೆ ಬೇಕಾದ ಅಂಗಡಿಯಲ್ಲಿ ಬೇಕಾದ ಹೂ ಕೊಂಡಾಳು ಎಂಬ ಆಸೆ. ಬೆಳಿಗ್ಗೆ ಕಾರಿನಲ್ಲಿ ಮೆಲ್ಲಗೆ ಮಾತು ತೆಗೆದಿದ್ದ.

“ಯಾರಾದ್ರೂ ನಿಂಗೆ ಒಂದು ಬಕೆಟ್ ಚಿಪ್ಪು ತಂದ್ಕೊಟ್ರೆ?”

“ಛೀ, ಅದು ಮೋಸ ಅಜ್ಜ. ಸ್ವಂತ ಹೆಕ್ಕಿದ್ದೇ ಆಗ್ಬೇಕು. ಮನೆಯಿಂದ ತಂದೋರ್ ಜೊತೆ ನಾವು ಮಾತೇ ಆಡಲ್ಲ.”

ಹೀಗಾಗಿ ಬಕೆಟ್ಟು ಟವೆಲ್ಲು ಮುಚ್ಚಿಕೊಂಡು ಗೋಡೆಲೀವಮ್ಮನ ಮರದ ಗೂಡಿನಲ್ಲಿ ಕೂತಿತ್ತು. ಗೋಡೆಲೀವಮ್ಮ ಮತ್ತು ಅವಳ ಗಂಡ ಓಮರ್ ಆಲ್ಸ್ಟ್‌ನಲ್ಲಿ ಫಿರ್ಮಿನ್‌ನ ಪಕ್ಕದ ಮನೆಯವರು. ಪ್ರತಿ ಬೇಸಿಗೆಗೂ ತೀರದ ಮೇಲೆ ಬಟ್ಟೆ ಬದಲಾಯಿಸಲು, ಕುರ್ಚಿ ಇಡಲು ಒಂದು ಗೂಡನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ಈ ದಿನ ಫಿರ್ಮಿನ್‌ನನ್ನೂ ಮಿರ್ತೆಯನ್ನೂ ಕಾರಿನಲ್ಲಿ ಕರೆತಂದವರು ಅವರೇ. ಆ ಉಪಕಾರದ ಬಲದಿಂದ ದಿನವಿಡೀ ಅವನ ವಿಷಯದಲ್ಲಿ ತಲೆ ಹಾಕುವ ಹಕ್ಕು ತಮಗಿದೆಯೆಂದು ಗಂಡಹೆಂಡಿರಿಬ್ಬರೂ ತಿಳಿದಿದ್ದರು.

“ಆ ಹೂವನ್ನ ಯಾರು ಕೊಳ್ತಾರೆ ಫಿರ್ಮಿನ್?” ಪದಬಂಧದಿಂದ ತಲೆಯೆತ್ತದೆ ಓಮರ್ ಕೇಳಿದ. “ಸೂಪಿಗೆ ಹಾಕ್ಬಹುದು, ಅಷ್ಟೆ.”

ಫಿರ್ಮಿನ್‌ಗೆ ಆಗ ಆ ಯೋಚನೆ ಹೊಳೆಯಿತು. ಮೊಮ್ಮಗಳಿಗೆ ನೇರವಾಗಿ ಕೊಡಬಾರದು, ಸರಿ. ಗಿರಾಕಿಗಳಿಗೆ ಕೊಟ್ಟರೆ?

ಗೂಡಿನ ಹಿಂದೆ ಬಾಡಿಗೆ ಸೈಕಲ್ ಬಂಡಿಗಳ ಹತ್ತಿರ ನಾಲ್ಕೈದು ಮಕ್ಕಳು ಆಡುತ್ತಿದ್ದರು. ಕೆಂಪು ಟೋಪಿಯ ಹುಡುಗಿಯೊಬ್ಬಳು ಅವರ ನಾಯಕಿ. ಫಿರ್ಮಿನ್ ಅಂಗಿಯ ಮಡಿಲಲ್ಲಿ ಚಿಪ್ಪು ತುಂಬಿಕೊಂಡು ಅವಳ ಬಳಿ ಹೋದ.

“ಅಲ್ಲಿ ನೀಲಿ ಲಂಗದ ಹುಡುಗಿ ಅಂಗಡಿ ಇದೆ ನೋಡು. ಹೂವಿಗೆ ಒಂದು ಹಿಡಿ. ಹೋಗಿ ಕೊಂಡ್ಕೊಳ್ಳಿ. ನಾನು ಕೊಟ್ಟೆ ಅಂತ ಮಾತ್ರ ಹೇಳ್ಬಾರ್ದು.”

ಹುಡುಗಿ ಅತ್ತ ನೋಡಿದಳು. “ಆ ಕೋಸುಗಡ್ಡೆಗಳಾ?”

“ಗುಲಾಬಿ ಅದು.”

“ಹೂವಿಗೊಂದು ಹಿಡಿ, ನಮಗೊಂದು ಹಿಡಿ. ಆದ್ರೆ ಹೋಗ್ತೀವಿ.”

ಫಿರ್ಮಿನ್ ಒಪ್ಪಿಕೊಂಡ. ಹುಡುಗಿ ಚಿಪ್ಪನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ, ಹಸಿ ಮರಳಿನಲ್ಲಿ ಹಾಕಿ ಹೊರಳಿಸಿದಳು. “ಇಷ್ಟು ಕ್ಲೀನಾಗಿದ್ರೆ ಸಿಕ್ಕಿಬೀಳ್ತೀವಿ ತಾತ,” ಎಂದಳು. ಇವಳು ಮುಂದೆ ಸಚಿವೆಯಾಗುವುದರಲ್ಲಿ ಅನುಮಾನವಿಲ್ಲ ಎಂದುಕೊಂಡ ಫಿರ್ಮಿನ್.

ಬೋಣಿಯಾಯಿತು. ಮೊದಲು ಒಂದು ಕೋಸುಗಡ್ಡೆ, ಹಿಂದೆಯೇ ಎರಡು ಪಾತ್ರೆ ನಾರು. ಮಿರ್ತೆಯ ಮುಖದಲ್ಲಿ ಆದ ಬದಲಾವಣೆ ನೋಡಿ ಫಿರ್ಮಿನ್‌ಗೆ ಹೋದ ಜೀವ ಬಂದಂತಾಯಿತು. ಆದರೆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ವ್ಯಾಪಾರ ಜೋರಾದದ್ದೇ ಮಿರ್ತೆ ಹೂವಿಗೆ ಎರಡು ಹಿಡಿ ಮಾಡಿದಳು. ಸುದ್ದಿ ತಿಳಿದ ಕೆಂಪು ಟೋಪಿ ತಮ್ಮ ಪಾಲನ್ನೂ ಎರಡು ಹಿಡಿಗೆ ಏರಿಸಿದಳು. ಫಿರ್ಮಿನ್ ಗೂಡಿಗೆ ಹೋಗುವುದು, ಅಂಗಿಯೊಳಗೆ ಚಿಪ್ಪು ತುಂಬಿಕೊಳ್ಳುವುದು, ಹೊಟ್ಟೆ ಹಿಡಿದುಕೊಂಡು ಬಗ್ಗಿ ಹಿಂಭಾಗಕ್ಕೆ ಓಡುವುದು, ಬೆವರು ಒರೆಸುತ್ತ ವಾಪಸು ಬರುವುದು, ಇದೇ ಆಯಿತು.

ಗೋಡೆಲೀವಮ್ಮ ಹೆಣಿಗೆ ಪಕ್ಕಕ್ಕಿಟ್ಟಳು. “ಏನು ಫಿರ್ಮಿನ್, ಹೊಟ್ಟೆ ಸರಿ ಇಲ್ವಾ?”

“ಹಾಗೇನಿಲ್ಲ.”

“ಬೆಳಗಿಂದ ನೋಡ್ತಾ ಇದೀನಿ, ಹೊಟ್ಟೆ ಹಿಡ್ಕೊಂಡು ಎಷ್ಟು ಸಲ ಹಿಂದ್ಗಡೆ ಓಡಿದ್ರಿ ಅಂತ. ನಾಚಿಕೆ ಯಾಕೆ? ಓಮರ್‌ಗೂ ಹೋದ್ ವರ್ಷ ಹೀಗೇ ಆಗಿತ್ತು.”

ನಿಜ ಹೇಳಿದರೆ ಅದು ಅರೆಗಳಿಗೆಯಲ್ಲಿ ಮಿರ್ತೆಯ ಕಿವಿಗೆ ಬೀಳುತ್ತದೆ. “ಸ್ವಲ್ಪ,” ಎಂದ ಫಿರ್ಮಿನ್.

ಒಪ್ಪಿಕೊಂಡದ್ದೇ ತಡ, ಅವನ ಪಾಲಿನ ಎಣ್ಣೆಯಲ್ಲಿ ಕರಿದ ಸಿಗಡಿ ಕ್ರೋಕೆಟ್ ಓಮರ್‌ನ ತಟ್ಟೆಗೆ ಹೋಯಿತು. ಅವನಿಗೆ ಒಣ ರಸ್ಕು ಬಂತು. ಎಡಬಲದ ಗೂಡುಗಳವರೆಲ್ಲ ತಮತಮಗೆ ಗೊತ್ತಿದ್ದ ಮದ್ದು ಕೂಗಿ ಹೇಳಿದರು.

ಅಷ್ಟರಲ್ಲಿ ಅಡೆಮಾರ್ ಅವರ ಸವಾರಿ ಬಂತು. ಬಿಳಿ ಪ್ಯಾಂಟು, ಹುಲ್ಲಿನ ಟೋಪಿ, ಮೈಯೆಲ್ಲ ಹದವಾಗಿ ಬೇಯಿಸಿದ ಬ್ರೆಡ್ಡಿನ ಬಣ್ಣ.

“ಏನು ಬೀಗರೇ, ಮೇಲಿಂದ ದುರ್ಬೀನಲ್ಲಿ ನೋಡ್ತಾ ಇದ್ದೆ. ವ್ಯಾಪಾರ ಭರ್ಜರಿ ನಡೀತಾ ಇದೆ.”

“ನಿಮ್ಮ ಆಶೀರ್ವಾದ,” ಎಂದ ಫಿರ್ಮಿನ್, ಹಲ್ಲು ಕಚ್ಚಿಕೊಂಡು.

“ನಾನೂ ಒಂದು ಹೂ ಕೊಳ್ಬೇಕಲ್ಲ. ಆದ್ರೆ ಚಿಪ್ಪು ಹೆಕ್ಕೋಕೆ ಈ ಸೊಂಟ ಬಗ್ಗಲ್ಲ ನೋಡಿ. ಮೂವತ್ತು ವರ್ಷ ಊರವರ ಬಾಯಲ್ಲಿ ಇಣುಕಿ ಇಣುಕಿ ಇದರ ಕತೆ ಮುಗಿದಿದೆ.”

“ಪಾಪ ಡಾಕ್ಟ್ರು, ಬನ್ನಿ, ನೆರಳಲ್ಲಿ ಕೂತ್ಕೊಳ್ಳಿ,” ಎಂದು ಗೋಡೆಲೀವಮ್ಮ ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಹತ್ತು ವರ್ಷದ ನೆರೆಹೊರೆಯಲ್ಲಿ ಫಿರ್ಮಿನ್‌ಗೆ ಆ ಕುರ್ಚಿ ಒಂದು ಸಲವೂ ಸಿಕ್ಕಿರಲಿಲ್ಲ.

ಸೊಂಟ ಬಗ್ಗದವನು ಏನು ತಾನೇ ಕೊಂಡಾನು ಎಂದು ಫಿರ್ಮಿನ್ ನೆಮ್ಮದಿಯಿಂದ ಅಂಗಡಿಯತ್ತ ನಡೆದ. ಕಟ್ಟೆಯ ಮೇಲೆ ಬೆರಳೆಣಿಕೆಯಷ್ಟು ಹೂಗಳು ಉಳಿದಿದ್ದವು. ಮಿರ್ತೆ ಅವನ ಕೈ ಹಿಡಿದುಕೊಂಡಳು.

“ಅಜ್ಜ, ನೀನು ಒಂದು ಕೊಳ್ಳಲ್ವಾ? ಖಾಲಿಯಾಗ್ತಾ ಬಂತು.”

ಗೂಡಿನ ಹಿಂದಿನಿಂದ ಕೆಂಪು ಟೋಪಿ ಇಣುಕಿ ಸನ್ನೆ ಮಾಡುತ್ತಿತ್ತು.

“ಆಮೇಲೆ ಚಿನ್ನ. ಈಗ ಬಂದೆ,” ಎಂದು ಫಿರ್ಮಿನ್ ಹೊಟ್ಟೆ ಹಿಡಿದುಕೊಂಡು ಓಡಿದ.

ಬಕೆಟ್ಟಿನ ತಳದಲ್ಲಿದ್ದ ಚಿಪ್ಪನ್ನೆಲ್ಲ ಗೋರಿ ಕೊಟ್ಟು, ಸುಸ್ತಾಗಿ ಐಸ್‌ಕ್ರೀಮ್ ಗಾಡಿಯ ಪಕ್ಕ ನಿಂತ. ಅಲ್ಲಿ ಒಂದು ಕಸದ ಡಬ್ಬಿ ಇತ್ತು. ಅದರ ಬಾಯಿಂದ ಏನೋ ಕೇಸರಿ ಬಣ್ಣದ್ದು ಹೊರಗೆ ಇಣುಕುತ್ತಿತ್ತು. ಬಗ್ಗಿ ನೋಡಿದ. ಅವನದೇ ಸೂರ್ಯಕಾಂತಿ. ಕೆಳಗೆ ಬಾಳೆಹಣ್ಣಿನ ಸಿಪ್ಪೆ, ಸಾಸ್ ಮೆತ್ತಿದ ಕಾಗದಗಳ ನಡುವೆ ಅವನ ಚಳಿಗಾಲವೆಲ್ಲ ಬಿದ್ದುಕೊಂಡಿತ್ತು.

“ಎಸೆದುಬಿಟ್ರಾ?” ಎಂದು ಅಲ್ಲಿಗೆ ಬಂದ ಕೆಂಪು ಟೋಪಿಯನ್ನು ಕೇಳಿದ.

“ಕೊಂಡ್ಕೊಳ್ಳಿ ಅಂದ್ರಿ ತಾತ. ಇಟ್ಕೊಳ್ಳಿ ಅಂದ್ರಾ?” ಎಂದಳು ಅವಳು. ತಪ್ಪು ಹುಡುಕಲು ಆ ಮಾತಿನಲ್ಲಿ ಏನೂ ಇರಲಿಲ್ಲ.

ಮಿರ್ತೆ ಐಸ್‌ಕ್ರೀಮಿಗೆಂದು ಈ ಕಡೆ ಬಂದರೆ? ಫಿರ್ಮಿನ್ ಅತ್ತಿತ್ತ ನೋಡಿ ಡಬ್ಬಿಗೆ ಮೊಣಕೈವರೆಗೆ ತೋಳು ಇಳಿಸಿದ. ಒಂದೊಂದೇ ಹೂ ತೆಗೆದು, ಮರಳು ಕೊಡವಿ, ಅಂಗಿಯೊಳಗೆ ತುರುಕಿಕೊಂಡ. ತಂತಿಗಳು ಎದೆಗೂ ಹೊಟ್ಟೆಗೂ ಚುಚ್ಚಿದವು. ಕೊನೆಯದನ್ನು ಎಳೆಯುವಾಗ ಹಿಂದಿನಿಂದ ಓಮರ್‌ನ ದನಿ ಕೇಳಿತು.

“ಫಿರ್ಮಿನ್, ಅಷ್ಟು ಹಸಿವಾಗಿದ್ರೆ ಇನ್ನೊಂದು ರಸ್ಕು ಕೊಡ್ತಿದ್ವಲ್ಲ.”

ಫಿರ್ಮಿನ್ ವಾಪಸು ಬರುವಷ್ಟರಲ್ಲಿ ಕಟ್ಟೆ ಬೋಳಾಗಿತ್ತು. ಮಿರ್ತೆಯ ಪಕ್ಕದಲ್ಲಿ ಚಿಪ್ಪು ತುಂಬಿ ತುಳುಕುವ ಅವಳ ಆಟದ ಬಕೆಟ್ಟು. ಆಫೀಸು ಮುಗಿಸಿಕೊಂಡು ಬಂದ ಹಿಲ್ಡೆ ಮಗಳ ಕೂದಲು ಬಾಚುತ್ತಿದ್ದಳು. ಅಡೆಮಾರ್ ಅಲ್ಲೇ ನಿಂತಿದ್ದರು. ಅವರ ಅಂಗಿಯ ಜೇಬಿನಲ್ಲಿ ಒಂದು ಎಲೆಕೋಸು ಅರಳಿತ್ತು.

“ಅಪ್ಪ, ಹೊಟ್ಟೆ ಅಷ್ಟು ಕೆಟ್ಟಿದ್ರೆ ಫೋನ್ ಮಾಡ್ಬಾರ್ದಾ?” ಎಂದಳು ಹಿಲ್ಡೆ. “ಗೋಡೆಲೀವಮ್ಮ ಎಲ್ಲ ಹೇಳಿದ್ರು. ಕಸದ ಡಬ್ಬಿ ವಿಷಯ ಓಮರ್ ಹೇಳಿದ್ರು. ನಂಗೆ ಭಯ ಆಗ್ತಿದೆ ಅಪ್ಪ.”

“ನಂಗೇನೂ ಆಗಿಲ್ಲ. ಮಗೂನ ಕೇಳು. ಮಗೂನ ಕೇಳ್ತೀನಿ ಅಂದಿದ್ದೆ ನೀನು.”

ಹಿಲ್ಡೆ ನಿಟ್ಟುಸಿರು ಬಿಟ್ಟು ಮಗಳ ಕಡೆ ತಿರುಗಿದಳು. “ಮಿರ್ತೆ, ಆಗಸ್ಟಲ್ಲಿ ಯಾವ ಅಜ್ಜನ ಮನೇಗೆ ಹೋಗ್ತೀಯಾ?”

ಮಿರ್ತೆ ಕಾಲಿನ ಹೆಬ್ಬೆರಳಿನಿಂದ ಮರಳು ಕೆದಕಿದಳು. ಆಮೇಲೆ ಫಿರ್ಮಿನ್‌ನ ಮುಖ ನೋಡದೆ ಹೇಳಿದಳು.

“ಅಡೆಮಾರ್ ಅಜ್ಜನ ಮನೇಗೆ. ಸೊಂಟ ನೋವಿದ್ರೂ ನಂಗೋಸ್ಕರ ಚಿಪ್ಪು ಹೆಕ್ಕಿದಾರೆ. ನೋಡು, ಹಲ್ಲಿನ ಡಾಕ್ಟ್ರಲ್ವಾ, ಬ್ರಶ್ ಹಾಕಿ ಉಜ್ಜಿ ತಂದಿದಾರೆ. ಅದಕ್ಕೇ ಅವರಿಗೆ ಒಂದೇ ಹಿಡಿಗೆ ಹೂ ಕೊಟ್ಟೆ.” ಕರವಸ್ತ್ರದಲ್ಲಿ ಬೇರೆಯಾಗಿ ಕಟ್ಟಿಟ್ಟ ಒಂದು ಹಿಡಿ ಚಿಪ್ಪನ್ನು ಬಿಚ್ಚಿ ತೋರಿಸಿದಳು. ಒಂದು ಕಣವೂ ಮರಳಿಲ್ಲದೆ ಅವು ಥಳಥಳ ಹೊಳೆಯುತ್ತಿದ್ದವು. “ಇಡೀ ಬೀಚಿನವರು ನನ್ ಹೂ ಕೊಂಡ್ರು. ನೀನೊಬ್ನೇ ಒಂದೂ ಕೊಳ್ಳಲಿಲ್ಲ ಅಜ್ಜ.”

ಆ ಚಿಪ್ಪುಗಳನ್ನು ಫಿರ್ಮಿನ್ ಕತ್ತಲಲ್ಲಿ ಮುಟ್ಟಿದ್ದರೂ ಗುರುತು ಹಿಡಿಯುತ್ತಿದ್ದ. ಅವನು ಅಡೆಮಾರ್ ಅವರನ್ನು ನೋಡಿದ. ಅವರು ಸಮುದ್ರವನ್ನು ನೋಡುತ್ತಿದ್ದರು.

ಒಂದು ಮಾತು ಸಾಕಿತ್ತು. ಅಂಗಿಯ ಎರಡು ಗುಂಡಿ ಬಿಚ್ಚಿದ್ದರೆ ಮಾತೂ ಬೇಕಿರಲಿಲ್ಲ. ಆದರೆ ಇಡೀ ಬೀಚಿನವರು ಕೊಂಡರು ಎನ್ನುವಾಗ ಮಿರ್ತೆಯ ಗದ್ದ ಎಷ್ಟು ಮೇಲಕ್ಕೆದ್ದಿತ್ತೆಂದರೆ, ಫಿರ್ಮಿನ್‌ನ ಕೈ ಗುಂಡಿಯವರೆಗೆ ಹೋಗಿ ಅಲ್ಲೇ ನಿಂತಿತು.

“ಮುಂದಿನ ವರ್ಷ ಕೊಳ್ತೀನಿ ಚಿನ್ನ,” ಎಂದ.

ಹೊರಡುವಾಗ ಮಿರ್ತೆ ಓಡಿಬಂದು ಅವನನ್ನು ಅಪ್ಪಿಕೊಂಡಳು. ಅಂಗಿಯೊಳಗೆ ಕಾಗದ ಚರಚರ ಎಂದಿತು.

“ಅಮ್ಮ, ಅಜ್ಜನ ಹೊಟ್ಟೇಲಿ ಏನೋ ಸದ್ದಾಗ್ತಿದೆ,” ಎಂದಳು ಗಾಬರಿಯಿಂದ.

“ನೋಡಿದ್ಯಾ ಅಪ್ಪ,” ಎಂದಳು ಹಿಲ್ಡೆ. “ಮೊದ್ಲು ಡಾಕ್ಟ್ರ ಹತ್ರ ಹೋಗು.”

ಆಲ್ಸ್ಟ್‌ಗೆ ವಾಪಸಾಗುವ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಅವನ ಜೊತೆ ಇದ್ದದ್ದು ಖಾಲಿ ಬಕೆಟ್ಟು ಮಾತ್ರ. ಗೋಡೆಲೀವಮ್ಮ ಮುಂದಿನ ಸೀಟಿನಿಂದ ತಿರುಗಿ ನೋಡಿದಳು.

“ಅಂದಹಾಗೆ ಫಿರ್ಮಿನ್, ನಿಮ್ಮ ಬಕೆಟ್ಟಿಂದ ಡಾಕ್ಟ್ರಿಗೆ ಒಂದು ಹಿಡಿ ಚಿಪ್ಪು ಕೊಟ್ಟೆ. ಪಾಪ, ಬಗ್ಗೋಕಾಗಲ್ಲ ಅಂದ್ರು. ಕೇಳೋಣ ಅಂದ್ರೆ ನೀವು ಆಗ್ತಾನೇ ಮಿರ್ತೆ ಅಂಗಡಿ ಕಡೆ ಹೋಗಿದ್ರಿ. ಬೇಜಾರಿಲ್ಲ ತಾನೇ? ಒಂದು ಹಿಡಿ ಅಷ್ಟೆ.”

“ಇಲ್ಲ,” ಎಂದ ಫಿರ್ಮಿನ್.

“ನಂಗೊತ್ತಿತ್ತು. ತಗೊಳ್ಳಿ, ಇದೊಂದು ತಿನ್ನಿ,” ಎಂದು ಅವಳು ರಸ್ಕು ಚಾಚಿದಳು. ತೋಳೆತ್ತಿದರೆ ತಂತಿ ಚುಚ್ಚುತ್ತಿದ್ದುದರಿಂದ ಫಿರ್ಮಿನ್ ಮೆಲ್ಲಗೆ ಮುಂದಕ್ಕೆ ಬಾಗಿ ಅದನ್ನು ತೆಗೆದುಕೊಂಡು ತಿನ್ನತೊಡಗಿದ.