ಮುನ್ನೂರ ಹನ್ನೆರಡನೇ ಕೂಸಿನ ಕೂದಲು

ಮಕ್ಕಳ ಆರೋಗ್ಯದ ಸಂಶೋಧನೆಯಲ್ಲಿ ಕೆಲಸ ಮಾಡ್ತೀನಿ ಅಂದ್ರೆ ಜನ ನನ್ನನ್ನ ಬಿಳಿ ಕೋಟು ಹಾಕ್ಕೊಂಡು ಮೈಕ್ರೋಸ್ಕೋಪು ನೋಡೋಳು ಅಂದ್ಕೋತಾರೆ. ನನ್ನ ಹತ್ರ ಇರೋದು ಒಂದು ತೂಕದ ಮಿಷನ್ನು, ಒಂದು ಅಳತೆ ಟೇಪು, ಒಂದು ಬ್ಯಾಗು ತುಂಬ ಫಾರಂಗಳು. ಮಿಕ್ಕಿದ್ದೆಲ್ಲ ಅನುಮಾನ. ಅದು ಮಾತ್ರ ದಿನಾ ಹೊಸದಾಗಿ ಸಿಗುತ್ತೆ, ಒಂದು ದಿನವೂ ತಪ್ಪಿಲ್ಲ.

ಮನೆ ಭಾರತೀನಗರ, ಆಫೀಸು ಮಂಡ್ಯ, ಮಕ್ಕಳಿರೋದು ಆತಗೂರು ಸುತ್ತಿನ ಹಳ್ಳಿಗಳಲ್ಲಿ. ಮಕ್ಕಳು ಹೇಗೆ ಬೆಳೀತಾರೆ, ಏನು ತಿಂತಾರೆ, ಯಾಕೆ ಹಠ ಮಾಡ್ತಾರೆ, ಯಾಕೆ ಕಾಯಿಲೆ ಬೀಳ್ತಾರೆ ಅಂತ ಐದು ವರ್ಷ ತುಂಬೋವರೆಗೂ ಬೆನ್ನು ಬಿಡದೆ ಬರ್ಕೊಳ್ಳೋದು ನಮ್ಮ ಕೆಲಸ. ಹಳ್ಳಿಯವರಿಗೆ ನನ್ನ ಮೇಲೆ ಅನುಮಾನ, ಇವಳು ಯಾಕೆ ಪದೇ ಪದೇ ಬರ್ತಾಳೆ ಅಂತ. ಮಂಡ್ಯದವರಿಗೂ ಅನುಮಾನ, ಇವಳು ನಿಜವಾಗ್ಲೂ ಹೋಗ್ತಾಳಾ ಅಂತ. ನಂಗೆ ಇಬ್ಬರ ಮೇಲೂ ಅನುಮಾನ. ಹೀಗೆ ನಾಲ್ಕು ವರ್ಷದಿಂದ ಸಂಸಾರ ಸಾಗಿದೆ.

ಎಷ್ಟೋ ಮನೆ ಕಥೆ ಹೇಳಬಹುದು. ಆದ್ರೆ ಒಂದೇ ಮನೇದು ಹೇಳ್ತೀನಿ, ಸಾಕಾಗುತ್ತೆ.

1. ಮೊದ್ಲು ನೀನು ಅತ್ತು

ನಮ್ಮ ಫಾರಂನಲ್ಲಿ ಮಕ್ಕಳ ಹೆಸರು ಬರೆಯೋ ಹಾಗಿಲ್ಲ, ನಂಬರು ಮಾತ್ರ. ಈ ಮನೆ ಹೆಣ್ಣುಮಗು ಮುನ್ನೂರ ಹನ್ನೆರಡು. ಅಪ್ಪ ಅಮ್ಮ ಇಬ್ಬರೂ ಬೆಳಗಾದ್ರೆ ಮದ್ದೂರು ಕಡೆ ಗಾರ್ಮೆಂಟ್ಸ್ ಬಸ್ಸು ಹತ್ತೋರು. ಒಪ್ಪಿಗೆ ಪತ್ರಕ್ಕೆ ಸೈನು ಹಾಕಿದ್ದು ಅವರು. ಮನೇಲಿ ಕಾನೂನು ಮಾತ್ರ ಅಜ್ಜೀದು.

ಮೊದಲನೇ ಸಲ ಹೋದಾಗ ಅಜ್ಜಿ ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿತ್ತು. ಮಿಷನ್ನು ಇಳಿಸಿದ್ದೇ ತಡ, ಕಾಯಿ ಬಿಟ್ಟು ಎದ್ದು ಬಂತು.

"ಏನವ್ವಾ ಇದು?"

"ತೂಕದ ಮಿಷನ್ನು ಅಜ್ಜಿ. ಮಗೂನ ಇದರ ಮೇಲೆ ನಿಲ್ಲಿಸಬೇಕು."

"ಕರೆಂಟು ಒಡದ್ರೆ?"

"ಹೊಡೆಯಲ್ಲ ಅಜ್ಜಿ, ಇದು ಬ್ಯಾಟ್ರೀದು."

"ಅಂಗಾರೆ ಮೊದ್ಲು ನೀನು ಅತ್ತು."

ಹತ್ತಿದೆ. ಅಜ್ಜಿಗೆ ಓದಕ್ಕೆ ಬರಲ್ಲ. ನಾನು ಓದಿ ಹೇಳಿದ್ರೆ ನಂಬಕ್ಕೆ ತಯಾರಿಲ್ಲ. ಗೋಡೆ ಆಚೆ ಪಾತ್ರೆ ತೊಳೀತಿದ್ದ ಪಕ್ಕದ್ಮನೆ ಹೆಂಗಸನ್ನ ಕರೀತು. ಆ ಮಹಾತಾಯಿ ಗೋಡೆ ಮೇಲಿಂದ ಬಗ್ಗಿ, ಕಣ್ಣು ಕಿರಿದು ಮಾಡ್ಕೊಂಡು, ಬೀದಿಗೆಲ್ಲ ಕೇಳೋ ಹಾಗೆ "ಎಪ್ಪತ್ನಾಕು" ಅಂದಳು.

ಅಜ್ಜಿ ನನ್ನನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿ, "ಸರಿಯಾಗೇ ತೋರಿಸ್ತದೆ ಬುಡು" ಅಂತು.

ಆಮೇಲೆ ಮೊಮ್ಮಗಳನ್ನ ನಿಲ್ಲಿಸಿತು. ನಾನು ತೂಕ ಹೇಳಕ್ಕೆ ಬಾಯಿ ತೆಗೆದ್ರೆ ನನ್ನ ಬಾಯಿ ಮೇಲೆ ಕೈ ಇಟ್ಟು, "ಮೆತ್ಗೆ ಕಣವ್ವ, ಕಿವೀಲೇಳು. ಕೂಸ್ಗೆ ದೃಷ್ಟಿ ಆಗ್ಬುಡ್ತದೆ" ಅಂತು.

"ನಂದು ಇಡೀ ಬೀದಿಗೆ ಕೂಗಿಸಿದ್ರಲ್ಲ ಅಜ್ಜಿ, ನಂಗೆ ದೃಷ್ಟಿ ಆಗಲ್ವಾ?"

"ನಿಂಗ್ಯಾರವ್ವಾ ಆಕ್ತಾರೆ" ಅಂದು ಅಜ್ಜಿ ಮತ್ತೆ ಅವರೆಕಾಯಿಗೆ ಕೂತ್ಕೊಂತು.

2. ಬಿಸ್ಕತ್ತಿನ ಪರೀಕ್ಷೆ

ಮಗುವಿಗೆ ಮೂರು ತುಂಬಿದ ಮೇಲೆ ಸ್ವಭಾವದ ಪರೀಕ್ಷೆ ಅಂತ ಬಂತು. ಮಗು ಮುಂದೆ ಒಂದು ಬಿಸ್ಕತ್ತು ಇಡಬೇಕು. "ನಾನು ಗಂಟೆ ಬಾರಿಸೋವರೆಗೂ ಮುಟ್ಟದೇ ಇದ್ರೆ ಇನ್ನೊಂದು ಕೊಡ್ತೀನಿ" ಅನ್ನಬೇಕು. ಎಷ್ಟು ನಿಮಿಷ ತಡ್ಕೊಳುತ್ತೆ ಅಂತ ಬರ್ಕೋಬೇಕು. ಅಷ್ಟೇ. ಬೇರೆ ಮನೆಗಳಲ್ಲಿ ನಾನು ಮಾತು ಮುಗಿಸೋದ್ರೊಳಗೆ ಬಿಸ್ಕತ್ತು ಹೊಟ್ಟೇಲಿರ್ತಿತ್ತು. ಒಬ್ಬ ಪುಣ್ಯಾತ್ಮ ಅಂತೂ ಗಂಟೇನೂ ಬಾಯಿಗೆ ಹಾಕ್ಕೊಂಡಿದ್ದ.

ಮುನ್ನೂರ ಹನ್ನೆರಡು ಮಾತ್ರ ಮುಟ್ಟಲಿಲ್ಲ. ಐದು ನಿಮಿಷ ಆಯ್ತು, ಹತ್ತು ನಿಮಿಷ ಆಯ್ತು. ಕೈ ಕಟ್ಟಿ ಕೂತು ನನ್ನ ಮುಖಾನೇ ನೋಡ್ತಿದೆ. ನಾನು ಗಂಟೆ ಬಾರಿಸಿ ಎರಡನೇದೂ ಕೊಟ್ಟೆ. ಅದನ್ನೂ ಮುಟ್ಟಲಿಲ್ಲ. ಇಂಥ ಸಂಯಮದ ಮಗು ಜಿಲ್ಲೆಯಲ್ಲೇ ಇಲ್ಲ ಅಂತ ನಾನು ಖುಷಿಯಿಂದ ಬರ್ಕೊಂಡೆ.

ಬ್ಯಾಗು ಹೆಗಲಿಗೆ ಹಾಕ್ಕೊಂಡು ಹೊರಗೆ ಬಂದು, ಯಾಕೋ ಅನುಮಾನ ಬಂದು ತಿರುಗಿ ಇಣುಕಿದೆ. ಮಗು ಒಂದು ಬಿಸ್ಕತ್ತಿನ ಚೂರು ಮುರಿದು ಕೋಳಿಗೆ ಹಾಕಿತು. ಅಜ್ಜಿ ಮೊಮ್ಮಗಳು ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ಕೋಳೀನೇ ನೋಡ್ತಿದ್ರು. ಸ್ವಲ್ಪ ಹೊತ್ತಾದ್ಮೇಲೆ ಅಜ್ಜಿ, "ಏನೂ ಆಗ್ನಿಲ್ಲ, ತಿನ್ನು ಮಗ" ಅಂತು.

3. ಫೋನಿನಲ್ಲಿ ಸಾಹೇಬರು

ಮಂಡ್ಯದ ಆಫೀಸಲ್ಲಿ ನಮ್ಮ ಮೇಲೆ ಒಬ್ಬರು ಸಾರ್ ಇದ್ದಾರೆ. ನಾವು ಕಳಿಸಿದ್ದನ್ನೆಲ್ಲ ಕಂಪ್ಯೂಟರಲ್ಲಿ ನೋಡಿ ಸುಳ್ಳು ಹುಡುಕೋದು ಅವರ ಕೆಲಸ. ಕೆಟ್ಟವರಲ್ಲ. ಆದ್ರೆ ಅವರ ಫೋನು ಬಂದ್ರೆ ನನ್ನ ಕೈಲಿರೋ ತುತ್ತು ಕೈಲೇ ಉಳಿಯುತ್ತೆ.

"ಹತ್ತು ನಿಮಿಷ ಯಾವ ಮಗೂನೂ ಸುಮ್ನೆ ಕೂರಲ್ಲ. ನೀವು ಮನೇಲೇ ಕೂತು ಫಾರಂ ತುಂಬಿದ್ದೀರಿ" ಅಂದ್ರು.

"ಇಲ್ಲ ಸಾರ್, ನಾನು ಹೋಗಿದ್ದೆ. ಈಗಲೂ ಅದೇ ಮನೆ ಮುಂದೆ ಇದೀನಿ."

ಫೋಟೋ ಕೇಳಿದ್ರು, ಕಳಿಸಿದೆ. ಹಳೇ ಫೋಟೋ ಇರಬಹುದು ಅಂದ್ರು. ಅವತ್ತು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸಲ್ಲಿ ಒಂದು ಗಂಟೆ ನಿಂತು ಬಂದಿದ್ದೆ, ನಂಗೂ ರೇಗಿತು. "ಹಾಗಾದ್ರೆ ಮನೆಯವರ ಹತ್ರಾನೇ ಕೇಳಿ ಸಾರ್" ಅಂತ ಫೋನನ್ನ ಅಜ್ಜಿ ಕೈಗೆ ಕೊಟ್ಟೆ.

ಸಾರ್ ಕೇಳಿದ್ದು ನಂಗೂ ಕೇಳಿಸ್ತು. "ಅಮ್ಮಾ, ನಿಮ್ಮ ಮನೇಗೆ ಒಬ್ಬರು ಹೆಂಗಸು ಬಂದಿದ್ದಾರಾ? ನಿಮ್ಮ ವಿವರ ಎಲ್ಲಾ ಬರ್ಕೊಂಡ್ರಾ?"

ಅಜ್ಜಿ ಮುಖ ಗಂಟಾಯ್ತು. ಗುರುತಿಲ್ಲದವರು ಫೋನು ಮಾಡಿ ವಿವರ ಕೇಳಿದ್ರೆ ಬಾಯಿ ಬಿಡಬೇಡ ಅಂತ ಮಗ ಹೇಳಿಕೊಟ್ಟಿದ್ದನಂತೆ. "ಇಲ್ಲಿ ಯಾವೆಂಗ್ಸೂ ಇಲ್ಲ, ಯಾವ ಓಟಿಪಿನೂ ಬಂದಿಲ್ಲ. ಮಡಗು ಪೋನ" ಅಂದು ಕಟ್ ಮಾಡಿ, ನನ್ನ ಕೈಗೆ ಕೊಟ್ಟು, "ಉಸಾರವ್ವ, ಕಳ್ ನನ್ಮಕ್ಳು ನಿನ್ ನಂಬರ್ಗೇ ಮಾಡ್ತಾವ್ರೆ" ಅಂತು.

ಮಾರನೇ ದಿನ ನಂಗೆ ನೋಟೀಸು ಬಂತು. ಇನ್ನೊಂದು ಸಲ ಹೀಗಾದ್ರೆ ಮಾರ್ಚಿ ಆದ್ಮೇಲೆ ಗುತ್ತಿಗೆ ಮುಂದುವರಿಸಲ್ಲ ಅಂತ. ನನ್ನ ಮಗಳು ಮಂಡ್ಯದಲ್ಲಿ ಹಾಸ್ಟೆಲಲ್ಲಿದ್ದು ನರ್ಸಿಂಗ್ ಎರಡನೇ ವರ್ಷ ಓದ್ತಿದಾಳೆ. ಅವಳ ಓದು ನಿಂತಿರೋದೇ ಈ ಕೆಲಸದ ಮೇಲೆ. ನೋಟೀಸನ್ನ ನಾಲ್ಕು ಮಡಿಕೆ ಮಾಡಿ ಪರ್ಸಲ್ಲಿ ಇಟ್ಕೊಂಡೆ. ಬಸ್ ಟಿಕೆಟ್ಟಿಗೆ ಅಂತ ಪರ್ಸು ತೆಗೆದಾಗಲೆಲ್ಲ ಅದೇ ಮೊದಲು ಕೈಗೆ ಸಿಗೋದು.

4. ಅಡ ಇಟ್ಟದ್ದು

ಅಷ್ಟರಲ್ಲಿ ಹೊಸ ಆದೇಶ ಬಂತು. ಪ್ರತಿ ಮಗುವಿನ ಕೂದಲು ಬೇಕು. ಹಿಂದಲೆಯಲ್ಲಿ ಬುಡದಿಂದ ಒಂದು ಸಣ್ಣ ಎಳೆ. ಹಿಂದಿನ ಎರಡು ಮೂರು ತಿಂಗಳು ಮಗು ಎಷ್ಟು ಹೆದರಿಕೆಯಲ್ಲಿ, ಒತ್ತಡದಲ್ಲಿ ಬದುಕಿದೆ ಅನ್ನೋದು ಕೂದಲಲ್ಲಿ ಗೊತ್ತಾಗುತ್ತಂತೆ.

ನಮ್ಮ ಕಡೆ ಹಳ್ಳೀಲಿ ಹೋಗಿ ಮಗುವಿನ ಕೂದಲು ಕೊಡಿ ಅಂತ ಕೇಳಿ ನೋಡಿ, ಗೊತ್ತಾಗುತ್ತೆ. ಒಂದು ಮನೇಲಿ ಪೊರಕೆ ತಗೊಂಡ್ರು. ಇನ್ನೊಂದು ಮನೇಲಿ ನಾನು ಹೋದ ಮೇಲೆ ಹೊಸಿಲಿಗೆ ನಿಂಬೆಹಣ್ಣು ಕುಯ್ದು ಇಟ್ರಂತೆ. ಹೇಗೋ ಕಾಡಿ ಬೇಡಿ ಎಲ್ಲರದ್ದೂ ತಂದೆ. ಉಳಿದದ್ದು ಮುನ್ನೂರ ಹನ್ನೆರಡು ಒಂದೇ.

"ಕೂದ್ಲು ಯಾತಕ್ಕವ್ವಾ? ಮಾಟ ಮಾಡ್ಸಕ್ಕಾ?" ಅಂತು ಅಜ್ಜಿ. "ಅದೂ ದೇವ್ರಿಗೆ ಒತ್ಕಂಡಿರೋ ಮುಡಿ. ಕತ್ರಿ ತಾಗ್ಸಂಗಿಲ್ಲ."

ಒಂದು ಗಂಟೆ ವಿಜ್ಞಾನ ಹೇಳಿದೆ. ಅಜ್ಜಿ ಅಷ್ಟನ್ನೂ ಕೇಳಿ, "ಕೂದ್ಲಲ್ಲಿ ಕಷ್ಟ ಕಾಣ್ಸೋದಾದ್ರೆ ಮಕದಲ್ಲಿ ಕಾಣಕ್ಕಿಲ್ವಾ? ನೋಡ್ಕಂಡು ಬರ್ಕೊ" ಅಂತು. ಕೊನೆಗೆ ಪರ್ಸಿಂದ ನೋಟೀಸು ತೆಗೆದು ತೋರಿಸಿದೆ. "ಇದೊಂದು ತಪ್ಪಿದ್ರೆ ನನ್ನ ಕೆಲಸ ಹೋಗುತ್ತೆ ಅಜ್ಜಿ" ಅಂದೆ. ಹೇಳಿದ್ಮೇಲೆ ನಾಚಿಕೆ ಆಯ್ತು.

ಅಜ್ಜಿ ಕಾಗದ ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಡ್ತು. "ಮುಡಿ ದಿನ ಬಾ. ಸೋದರಮಾವ ದೇವ್ರಿಗೆ ಕತ್ರಿಸಿದ್ಮೇಲೆ ನೀನು ಒಂದೆಳೆ ತಗೊ. ಆದ್ರೆ ನಿನ್ ಕೂದ್ಲೂ ನಂಗೆ ಕೊಡ್ಬೇಕು. ಅಡ ಇಟ್ಕೋತೀನಿ. ನನ್ ಕೂಸ್ಗೆ ಒಂದು ಸೀನು ಬಂದ್ರೂ ನಿನ್ ಕೂದ್ಲು ನನ್ತಾವ ಇರ್ತದೆ, ಗ್ಯಾನ ಇರ್ಲಿ."

ಮಳವಳ್ಳಿ ಕಡೆ ಅವರ ಮನೆದೇವರ ಗುಡಿ. ಮುಡಿ ದಿನ ಹೋದೆ. ಮಗುವಿನದು ನಾನು ಕತ್ತರಿಸಿದೆ, ನನ್ನದು ಅಜ್ಜಿ ಕತ್ತರಿಸಿತು, ಅದೂ ಸೇಡು ತೀರಿಸ್ಕೊಳ್ಳೋ ಹಾಗೆ ಬುಡಕ್ಕೇ ಕತ್ತರಿ ಹಾಕಿ. ಎರಡನ್ನೂ ಆಫೀಸಿಂದ ಕೊಟ್ಟಿದ್ದ ಬೆಳ್ಳಿ ಬಣ್ಣದ ಹಾಳೇಲಿ ಸುತ್ತಿದೆ. ನನ್ನದನ್ನ ಅಜ್ಜಿಗೆ ಕೊಟ್ಟೆ, ಮಗುವಿನದನ್ನ ನಂಬರು ಬರೆದ ಕವರಿಗೆ ಹಾಕಿ ಬ್ಯಾಗಲ್ಲಿಟ್ಟೆ. ಊಟಕ್ಕೆ ಕರೆದ್ರು. ಬ್ಯಾಗನ್ನ ಅಜ್ಜಿ ಪಕ್ಕ ಬಿಟ್ಟು ಹೋಗಿ ಉಂಡೆ. ನನ್ನ ಜೀವಮಾನದಲ್ಲಿ ಅನುಮಾನ ಪಡದೇ ಇದ್ದದ್ದು ಅದೊಂದೇ ಸಲ.

ಎರಡು ದಿನ ಬಿಟ್ಟು ನಂಗೆ ವಿಪರೀತ ತಲೆನೋವು ಬಂತು. ನಾನು ಬಿಎಸ್ಸಿ ಮಾಡಿದವಳು, ಇಂಥದ್ದನ್ನೆಲ್ಲ ನಂಬಲ್ಲ. ಆದ್ರೂ ಇರಲಿ ಅಂತ ಅಜ್ಜಿ ಮನೆಗೆ ಫೋನು ಮಾಡಿ, ಕೂಸು ಸೀನ್ತಾ ಇದೆಯಾ ಅಂತ ಕೇಳಿದೆ.

5. ರಿಪೋರ್ಟು

ಫೆಬ್ರವರೀಲಿ ರಿಪೋರ್ಟು ಬಂತು. ಮುನ್ನೂರ ಹನ್ನೆರಡು ವಿಪರೀತ ಒತ್ತಡದಲ್ಲಿದೆ, ಬಹಳ ದಿನದಿಂದ ಹೆದರಿಕೆಯಲ್ಲಿ ಬದುಕ್ತಿದೆ, ತಕ್ಷಣ ಮನೆ ವಾತಾವರಣ ವಿಚಾರಿಸಬೇಕು. ಹೀಗೆ ಬಂದ್ರೆ ಮೇಲಿನವರೇ ಹೋಗಿ ಒಂದು ಫಾರಂ ತುಂಬಬೇಕು. ಸಾರ್ ನನ್ನನ್ನ ಕರ್ಕೊಂಡು ಹೊರಟರು.

ಹೋಗಿ ನೋಡಿದ್ರೆ, ಹೆದರಿಕೆಯಲ್ಲಿ ಬದುಕ್ತಿರೋ ಮಗು ಬೋಡು ತಲೇಲಿ ಕೋಳಿ ಅಟ್ಟಿಸ್ಕೊಂಡು ಕೇಕೆ ಹಾಕ್ತಿದೆ. ಸಾರ್ ರಿಪೋರ್ಟು ಓದಿ ಹೇಳಿ, ಫಾರಂ ಬಿಚ್ಚಿದ್ರು. ಊಟ ಹೊತ್ತಿಗೆ ಸರಿಯಾಗಿ ಆಗುತ್ತಾ? ಮೂರ್ ಒತ್ತೂ ಉಣ್ತದೆ ಅಂತು ಅಜ್ಜಿ. ನಿದ್ದೆ? ಎತ್ತಾಕಂಡೋದ್ರೂ ಏಳಕ್ಕಿಲ್ಲ. ಯಾರಾದ್ರೂ ಗದರ್ತಾರಾ? ಅದೇ ನಮ್ನೆಲ್ಲ ಗದರ್ತದೆ.

ಸಾರ್ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ್ರು. "ನಿಜ ಹೇಳಿ. ಇದು ಈ ಮಗುವಿನ ಕೂದಲೇನಾ? ಇಲ್ಲಾ ಎಲ್ಲಿಂದಲೋ ತಂದು ಹಾಕಿದ್ರಾ?"

"ನನ್ನ ಕೈಯಾರೆ ಕತ್ತರಿಸಿದ್ದು ಸಾರ್."

"ಸಾಕು. ಮಾರ್ಚಿಗೆ ನಿಮ್ಮದು ಮುಗೀತು ಅಂದ್ಕೊಳ್ಳಿ."

ನನ್ನ ಮಗಳ ಮುಖ ಕಣ್ಣ ಮುಂದೆ ಬಂತು. ಅಜ್ಜಿ ಎದ್ದು ಒಳಗೆ ಹೋಯ್ತು. ದೇವರ ಗೂಡಿಂದ ಅರಿಶಿಣ ಹತ್ತಿದ ಒಂದು ಬೆಳ್ಳಿ ಹಾಳೆ ಪೊಟ್ಟಣ ತಂದು ಮುಂದೆ ಇಟ್ಟಿತು.

"ಇವ್ಳನ್ನ ಬಯ್ಬ್ಯಾಡ ಕಣಪ್ಪ. ಬದ್ಲಾಯ್ಸಿದ್ದು ನಾನು. ಇವ್ಳು ಉಣ್ಣಕ್ಕೆ ಕುಂತಿದ್ಲು, ಆಗ. ಕೂಸಿನ ಕೂದ್ಲ ಗುರ್ತಿಲ್ದೋರ ಕೈಗೆ ಕೊಡಕ್ಕಾಯ್ತದಾ? ಇವಳ ಕೂದ್ಲು ಇವಳ ಆಪೀಸ್ಗೇ ಓದ್ರೆ ನಷ್ಟ ಏನು ಅಂದ್ಕಂಡೆ."

ಸಾರ್ ರಿಪೋರ್ಟು ನೋಡಿದ್ರು, ನನ್ನ ನೋಡಿದ್ರು. "ಅಂದ್ರೆ ಇದು..."

"ಇವಳ್ದೇ. ಏನಂತ ಬರ್ದವ್ರೆ ಅಂದೆ? ಇನ್ನೊಂದ್ಸಲ ಓದು."

ಸಾರ್ ಈ ಸಲ ಮೆತ್ತಗೆ ಓದಿದ್ರು. ಬಹಳ ದಿನದಿಂದ ಹೆದರಿಕೆಯಲ್ಲಿ ಬದುಕ್ತಿದೆ ಅಂತ. ಅಜ್ಜಿ ನನ್ನ ಕಡೆ ತಿರುಗಿ, "ಯಾಕವ್ವಾ?" ಅಂತು. ಅಷ್ಟೇ ಕೇಳಿದ್ದು. ನಾಲ್ಕು ವರ್ಷದಿಂದ ಊರಿನ ಮಕ್ಕಳಿಗೆಲ್ಲ ಈ ಪ್ರಶ್ನೆ ಕೇಳಿದೀನಿ, ನನ್ನನ್ನ ಯಾರೂ ಕೇಳಿರಲಿಲ್ಲ. ಸೆರಗು ಕಣ್ಣಿಗೆ ಒತ್ಕೊಂಡೆ.

ಸಾರ್ ಪೊಟ್ಟಣಕ್ಕೆ ಕೈ ಚಾಚಿದ್ರು. ಅಜ್ಜಿ ಹಿಂದಕ್ಕೆ ಎಳ್ಕೊಂತು. "ಕೊಡ್ತೀನಿ. ಮಾರ್ಚಿ ಕಳುದ್ರೂ ಇವಳ ಕೆಲ್ಸ ಇರ್ಲಿ ಅಂತ ನೀನು ಬರ್ದು ಸೈನಾಕು."

ಸಾರ್ ಕೆಳಗಿಟ್ಟ ಪೆನ್ನು ಎತ್ಕೊಂಡ್ರು. ಮುಂದುವರಿಸಲು ಶಿಫಾರಸು ಅಂತ ಬರೆದು ಸೈನು ಹಾಕಿದ್ರು. ಅಜ್ಜಿ ಆ ಕಾಗದಾನೂ ನಂಬಲಿಲ್ಲ. ಗೋಡೆ ಆಚೆಯವಳನ್ನ ಕರೆದು ಓದಿಸಿ, ಆಮೇಲೇ ಪೊಟ್ಟಣ ಕೊಟ್ಟಿದ್ದು.

ಸಾರ್ ಫಾರಂ ಮಡಚಿ ಎದ್ದರು. ಅಜ್ಜಿ ಬಿಡಲಿಲ್ಲ. "ಕುತ್ಕೊ. ಕೂದ್ಲು ಇವಳ್ದಾದ್ಮೇಲೆ ಇವಳ್ನೂ ಕೇಳ್ಬೇಕು ತಾನೆ? ಕೇಳು."

ಸಾರ್ ಕೂತ್ಕೊಂಡ್ರು. ಊಟ ಹೊತ್ತಿಗೆ ಆಗುತ್ತಾ ಅಂದ್ರು. ಇಲ್ಲ ಸಾರ್ ಅಂದೆ. ನಿದ್ದೆ? ಇಲ್ಲ ಸಾರ್. ಕೊನೇ ಪ್ರಶ್ನೆ ಓದಕ್ಕೆ ಅವರಿಗೆ ಸ್ವಲ್ಪ ಹೊತ್ತು ಹಿಡೀತು. "ಪದೇ ಪದೇ ಗದರಿಸೋರು, ಹೆದರಿಸೋರು ಯಾರಾದ್ರೂ ಇದ್ದಾರಾ? ಇದ್ದರೆ ಹೆಸರು."

ನಾನು ನೆಲ ನೋಡಿದೆ. ಸಾರ್ ಪೆನ್ನು ಅಲ್ಲೇ ನಿಂತಿತ್ತು. ಅಜ್ಜಿ ಇಬ್ಬರನ್ನೂ ಒಂದ್ಸಲ ನೋಡಿ, ಸಾರ್ ಹತ್ರಕ್ಕೆ ಸರಿದು ಕೂತ್ಕೊಂತು.

"ಬರ್ಕೊಳಪ್ಪ, ನಾಚ್ಕೋಬ್ಯಾಡ. ಅದೇನಂದೆ ನಿನ್ನೆಸ್ರು?"