ಕಡ್ಡಿಪೆಟ್ಟಿಗೆಗೆ ಉಡಿ ತುಂಬಿದ್ದು

ಎಪ್ಪತ್ತಮೂರು ವರ್ಷದ ಈ ಮುದುಕಿ ಸುಮ್ಮನೆ ಯಾವುದಕ್ಕೂ ಹಟ ಹಿಡಿಯುವವಳಲ್ಲ. ಆದರೆ ಆ ದಿನ ಅಡುಗೆಮನೆಯಲ್ಲಿ ಲಟ್ಟಣಿಗೆ ಎತ್ತಿ ಹಿಡಿದು ಘೋಷಿಸಿಯೇ ಬಿಟ್ಟೆ: ಕಡ್ಡಿಪೆಟ್ಟಿಗೆಯವರ ಕೊನೆಯ ಕಾರ್ಯಕ್ರಮಕ್ಕೆ ನಾನೊಬ್ಬಳೇ ಹೋಗುವುದಿಲ್ಲ. ಮಗ, ಸೊಸೆ, ಮೊಮ್ಮಗಳು, ಇಡೀ ಸಂಸಾರವನ್ನೇ ಎಳೆದುಕೊಂಡು ಹೋಗುತ್ತೇನೆ! ಬರೀ ಹೋಗುವುದಲ್ಲ, ಎಲ್ಲರನ್ನೂ ಕುಣಿಸಿಯೇ ಮನೆಗೆ ಕರೆತರುತ್ತೇನೆ!

ಕಡ್ಡಿಪೆಟ್ಟಿಗೆ ಎಂದರೆ ಒಲೆಯ ಪಕ್ಕದ್ದಲ್ಲ. ಹುಬ್ಬಳ್ಳಿ ಕಡೆಯ ನಾಲ್ವರು ಕಟ್ಟಿದ ರಾಕ್ ಬ್ಯಾಂಡು. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಪೂರ್ತಿಯಲ್ಲ. ಆದರೆ ನೆನಪಿನ ಮಾತು ಕೇಳಬೇಡಿ! ಅವರ ಹಾಡು ಮೊದಲು ಕಿವಿಗೆ ಬಿದ್ದದ್ದು ಆರು ವರ್ಷದ ಹಿಂದೆ, ಶ್ರಾವಣದ ಎರಡನೇ ಸೋಮವಾರ, ನನ್ನ ಕೈಯಲ್ಲಿ ಹದಿನಾಲ್ಕನೇ ರೊಟ್ಟಿ. ಮೊಮ್ಮಗಳು ಶಾಂಭವಿಯ ಮೊಬೈಲಿನಲ್ಲಿ ಡ್ರಮ್ಮು ಶುರುವಾಯಿತು, ನನ್ನ ಕೈ ತಾನಾಗಿಯೇ ಅದರ ತಾಳಕ್ಕೆ ರೊಟ್ಟಿ ಬಡಿಯಿತು. ಅಷ್ಟು ತೆಳ್ಳನೆಯ ರೊಟ್ಟಿ ನನ್ನ ಜನ್ಮದಲ್ಲಿ ಬಂದಿರಲಿಲ್ಲ! ಶಾಂಭವಿ ಆ ಬ್ಯಾಂಡನ್ನು ಮರೆತು ಎಷ್ಟೋ ಕಾಲವಾಯಿತು. ನಾನು ಮಾತ್ರ ಬಿಡಲಿಲ್ಲ.

ಮಗ ನಿಜಲಿಂಗಪ್ಪ ಅರಳೆ ವ್ಯಾಪಾರಿ. ಅವನ ಅಭಿಪ್ರಾಯ ಬೇರೆ.

“ಅದು ಗಿಟಾರಲ್ಲವ್ವಾ, ಗಟಾರ! ಊರಾಗಿನ ಹೊಲಸೆಲ್ಲಾ ಒಂದ ಕಡೆ ಹರದು ಬರತೈತಿ.”

“ಹರದು ಬಂದ್ರ ಬರಲಿ. ಇದೊಂದ ಸಲ ಕೇಳೋ. ಇನ್ನಮ್ಯಾಲೆ ಅವರು ಹಾಡೂದಿಲ್ಲಂತ.”

“ಹಾಡೂದಿಲ್ಲಾ? ತಡಿ, ಪೇಢೆ ತರ್ತೀನಿ, ಓಣಿಗೆಲ್ಲಾ ಹಂಚೂಣು!”

ಆ ಮಾತು ಎದೆಗೆ ನಾಟಿತು. ಆರು ವರ್ಷ ಒಬ್ಬಳೇ ಕೇಳಿ, ಒಬ್ಬಳೇ ತಲೆ ತೂಗಿದ್ದೆ. ಮನೆಯವರಲ್ಲಿ ಒಬ್ಬರಾದರೂ ‘ಹೌದು, ಚಲೋ ಐತಿ’ ಎನ್ನದಿದ್ದರೆ ಅದೆಂಥ ಸುಖ? ಇದೇ ಕೊನೆಯ ಅವಕಾಶ. ಆಗ ಹೊಳೆಯಿತು ನನಗೆ ಬ್ರಹ್ಮಾಸ್ತ್ರ!

ಬ್ಯಾಂಡಿನಲ್ಲಿ ಹಾಡುವ ಹುಡುಗಿ ಜಾಹ್ನವಿ ನಮ್ಮ ಗದಗಿಗೆ ಬಂದು ಎಲ್ಲರನ್ನೂ ಬೀಳ್ಕೊಂಡು ಹೋಗುವವಳು. ಹೊರಟ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಲೇಬೇಕು! ಗಂಡನನ್ನು ಕಳೆದುಕೊಂಡ ನಾನು ತುಂಬುವ ಪದ್ಧತಿಯಿಲ್ಲ, ಆದ್ದರಿಂದ ಸೊಸೆ ನೇತ್ರಾ ಬೇಕು. ಸೊಸೆ ಬಂದರೆ ಕಾರು ನಡೆಸಲು ಮಗ ಬೇಕು. ನಾವು ಮೂವರೂ ಹೋದರೆ, ಮನೆತನದ ಮಾನ ಕಾಯಲು ಶಾಂಭವಿ ತಾನಾಗಿಯೇ ಬರುತ್ತಾಳೆ. ಹೀಗೆ ಒಂದು ಕೊಬ್ಬರಿ ಬಟ್ಟಲಿನಿಂದ ಇಡೀ ಸಂಸಾರವನ್ನು ಹೊರಡಿಸಿದೆ!

ಸಂಜೆ ನಾಲ್ಕಕ್ಕೆ ಮೈದಾನದ ಗೇಟಿನಲ್ಲಿ ಕಾವಲಿಗೆ ನಿಂತ ಹುಡುಗ ಮಾಶಾಕ ನನ್ನ ಚೀಲಕ್ಕೆ ಕೈ ಹಾಕಿದ.

“ಇದೇನ್ರಿ ಅಮ್ಮಾ, ಅಕ್ಕಿ? ತಿನ್ನೂ ಸಾಮಾನ ಒಳಗ ಬಿಡೂದಿಲ್ಲ.”

“ಉಡಿ ತುಂಬೂ ಅಕ್ಕಿ ಇದು. ಹಸೀ ಅಕ್ಕಿ ಯಾರು ತಿಂತಾರಪಾ? ಗುಬ್ಬಿ ಅಂತ ತಿಳದೀ ಏನು ನನ್ನ?”

“ಮತ್ತ ಈ ಕೊಬ್ಬರಿ ಬಟ್ಟಲಾ? ಸ್ಟೇಜಿಗೆ ಒಗದ್ರ?”

“ಅಪಸ್ವರ ಹಾಡಿದ್ರ ಒಗೀತೀನಿ. ಇಲ್ಲಂದ್ರ ಇಲ್ಲ!”

ಸಾಲಿನಲ್ಲಿ ನಿಂತವರೆಲ್ಲ ನಕ್ಕು “ಅಜ್ಜೀನ ಬಿಡ್ರೀ!” ಎಂದು ಕೂಗಿದರು. ಶಾಂಭವಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಮಾಶಾಕ ಅರಿಷಿಣ ಕೊಂಬನ್ನು ಒಂದು ಸಲ ಮೂಸಿ, ಸೋತು, ದಾರಿ ಬಿಟ್ಟ.

ಒಳಗೆ ಏನು ಸಪ್ಪಳ, ಏನು ಸಪ್ಪಳ! ಎದೆಯೊಳಗೆ ಎರಡು ಹೃದಯ ಬಡಿದಂತೆ! ನಿಜಲಿಂಗಪ್ಪ ಎರಡೂ ಕಿವಿಗೆ ಸ್ವಂತ ವ್ಯಾಪಾರದ ಅರಳೆ ತುರುಕಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವನಂತೆ ಕುಳಿತಿದ್ದ. ನಾನು ಒಂದೊಂದು ಹಾಡಿಗೂ ಅವನ ಮುಖ ನೋಡಿದೆ. ಊಹೂಂ!

ಅಷ್ಟರಲ್ಲಿ ಗೇಟಿನ ಸುದ್ದಿ ಮೈದಾನಕ್ಕೆಲ್ಲ ಹಬ್ಬಿತ್ತು. “ಉಡಿ ತುಂಬೂ ಅಜ್ಜಿ ಬಂದಾಳ, ದಾರಿ ಬಿಡ್ರಿ!” ಎನ್ನುತ್ತ ಜನ ನನ್ನನ್ನೂ ನೇತ್ರಾಳನ್ನೂ ದೂಡಿ ದೂಡಿ ಸ್ಟೇಜಿಗೇ ಹತ್ತಿಸಿದರು. ಜಾಹ್ನವಿ ಓಡಿ ಬಂದು ಕಾಲಿಗೆ ಬಿದ್ದಳು. ಆಗ ಗೊತ್ತಾಯಿತು ಅನಾಹುತ. ಹುಡುಗಿಗೆ ಸೆರಗೇ ಇಲ್ಲ! ಪ್ಯಾಂಟು ಎರಡೂ ಮೊಣಕಾಲಿನಲ್ಲಿ ಹರಿದಿದೆ!

“ಅತ್ತೀ, ಉಡಿ ಎಲ್ಲಿ ತುಂಬ್ಲಿ? ಕಿಸೆದಾಗ?” ಎಂದಳು ನೇತ್ರಾ. ಆ ಮಾತು ಮೈಕಿನಲ್ಲಿ ಹೋಗಿ ಮೈದಾನವೇ ನಕ್ಕಿತು.

ನಾನೂ ಮೈಕಿಗೇ ಬಾಯಿ ಕೊಟ್ಟೆ. “ನಿಜಲಿಂಗಾ! ಹೆಗಲ ಮ್ಯಾಲಿನ ಟವೆಲ್ಲು ತಾರೋ, ಜಲ್ದಿ!”

ಪಾಪ, ಬೆವರು ಒರೆಸುತ್ತ ಬಂದ. ಟವೆಲ್ಲನ್ನು ಜಾಹ್ನವಿಯ ಸೊಂಟಕ್ಕೆ ಸಿಕ್ಕಿಸಿದ್ದಾಯಿತು. ನೇತ್ರಾ ಖಣ, ಕೊಬ್ಬರಿ, ಉತ್ತತ್ತಿ ಇಟ್ಟು ಅಕ್ಕಿಗೆ ಕೈ ಹಾಕಿದಳು. ಒಂದು ಬೊಗಸೆ ಬಿದ್ದದ್ದೇ ಡ್ರಮ್ಮಿನವನು ‘ಢಂ!’ ಎನಿಸಿದ. “ಒಂದು!” ಎಂದರು ಜನ. ಢಂ! “ಎರಡು!” ನಾಲ್ಕಾದ ಮೇಲೆ ಜಾಹ್ನವಿ ನನ್ನ ಕಡೆ ತಿರುಗಿದಳು.

“ಐದನೇದು ನೀವು ಹಾಕ್ರಿ ಅಜ್ಜಿ.”

ನಾನು ಹಿಂದೆ ಸರಿದೆ. ನೇತ್ರಾ ನನ್ನ ಕೈ ಹಿಡಿದು ಅಕ್ಕಿಗೆ ಅದ್ದಿದಳು. “ಹಾಕ್ರಿ ಅತ್ತಿ, ಡ್ರಮ್ಮಿನಾವ ಕೈ ಎತ್ತಿ ನಿಂತಾನ!”

ಹಾಕಿದೆ. ಢಂ! ಹದಿನೆಂಟು ವರ್ಷದ ಮೇಲೆ ಈ ಕೈ ಒಂದು ಉಡಿ ತುಂಬಿತು. ಕಣ್ಣು ಮಂಜಾಯಿತು, ಬಿಡಿ.

ಜಾಹ್ನವಿಯೂ ಕಣ್ಣೊರೆಸಿಕೊಂಡು ಮೈಕು ಹಿಡಿದಳು. “ಆತ್ರಿ ಗದಗಿನ ಮಂದಿ, ನಾವಿನ್ನ ಹೋಗ್ತೀವಿ!”

“ಏ ತಂಗೀ!” ಎಂದು ಅಬ್ಬರಿಸಿದ ನನ್ನ ಮಗ, ಮೈಕು ಕಸಿದುಕೊಂಡು. “ತುಂಬಿದ ಉಡಿ ಹಿಡಕೊಂಡು ಹೋಗ್ತೀನಿ ಅಂತಾರೇನು? ಬರ್ತೀನಿ ಅನಬೇಕು!”

“ಬರ್ತೀನಿ ಅನ್ನು! ಬರ್ತೀನಿ ಅನ್ನು!” ಇಡೀ ಮೈದಾನ ಒಂದೇ ದನಿ!

ಹುಡುಗಿ ಗೆಳೆಯರ ಮುಖ ನೋಡಿದಳು. “ಹಂಗಾರ... ಬರ್ತೀವಿ!”

ಅಬ್ಬಾ, ಆ ಕೇಕೆ! ಡ್ರಮ್ಮು ಮತ್ತೆ ಶುರುವಾಯಿತು. ನಿಜಲಿಂಗಪ್ಪ ಕಿವಿಯ ಅರಳೆ ಕಿತ್ತೆಸೆದ. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಕೊನೆಗೆ ಪೂರ್ತಿ ಮಗನೇ ಕುಣಿದ! ನೇತ್ರಾ ಕುಣಿದಳು. ಮುಖ ಮುಚ್ಚಿಕೊಂಡಿದ್ದ ಶಾಂಭವಿ ಅದೇ ದುಪಟ್ಟಾ ತಿರುಗಿಸುತ್ತ ಕುಣಿದಳು. ನಾನು ಗೆದ್ದೆ!

ವಾರದೊಳಗೆ ಬ್ಯಾಂಡಿನವರು ಸಾರಿದರು: ಬರ್ತೀವಿ ಎಂದು ಮಾತು ಕೊಟ್ಟದ್ದಾಗಿದೆ, ಬ್ಯಾಂಡು ಮುರಿಯುವುದಿಲ್ಲ, ಮುಂದಿನ ತಿಂಗಳು ಬೆಳಗಾವಿಯಲ್ಲಿ ಕಾರ್ಯಕ್ರಮ! ಈಗ ನಮ್ಮ ಮನೆಯಲ್ಲಿ ಕೋಳಿ ಕೂಗುವ ಮೊದಲೇ ನಿಜಲಿಂಗಪ್ಪನ ಮೊಬೈಲು ಕೂಗುತ್ತದೆ. ನಾನು ಗುನುಗಿದರೆ “ಅವ್ವಾ, ತಾಳ ತಪ್ಪಿದಿ” ಎಂದು ತಿದ್ದುತ್ತಾನೆ.

ನಿನ್ನೆ ಬೆಳಗಾವಿಯ ಪಾಸು ತಂದು ಮೇಜಿನ ಮೇಲೆ ಇಟ್ಟ. ಎಣಿಸಿದೆ. ಮೂರೇ ಮೂರು!

“ನಂದೆಲ್ಲೋ?”

ಮಗ ನನ್ನ ಪಕ್ಕ ಕುಳಿತು, ಕೂಸಿಗೆ ತಿಳಿಹೇಳುವಂತೆ ಹೇಳಿದ.

“ಅವ್ವಾ, ಅದು ರಾಕ್ ಮ್ಯೂಸಿಕ್ ಐತಿ. ನಿನ್ನಂಥಾ ವಯಸ್ಸಾದವರಿಗೆ ಅದರ ರುಚಿ ತಿಳಿಯೂದಿಲ್ಲ!”