ಮುಂದಕ್ಕೆ ಓಡಿಸಿದ ಪ್ರೇಮ

ಪ್ರತಿಯೊಬ್ಬರಿಗೂ ಒಂದಲ್ಲ ಒಂದು ವಿಷಯದಲ್ಲಿ ಪರಿಣತಿ ಇರುತ್ತದೆ. ಕೆಲವರು ಹಾಡುತ್ತಾರೆ, ಕೆಲವರು ಹಲಸಿನ ಹಣ್ಣನ್ನು ತಟ್ಟಿ ನೋಡಿಯೇ ಒಳಗಿನ ತೊಳೆ ಹೇಗಿದೆ ಎಂದು ಹೇಳಿಬಿಡುತ್ತಾರೆ. ನನ್ನ ಪರಿಣತಿ ಇರುವುದು ಬಲಗೈ ಹೆಬ್ಬೆರಳಿನಲ್ಲಿ. ಸಿನಿಮಾದಲ್ಲಿ ಇಬ್ಬರು ಮಾತು ನಿಲ್ಲಿಸಿ ಪರಸ್ಪರ ಮುಖ ನೋಡಿದರೆ ಸಾಕು, ಹಿನ್ನೆಲೆಯಲ್ಲಿ ಪಿಟೀಲು ಶುರುವಾಗುವ ಮೊದಲೇ ನನ್ನ ಹೆಬ್ಬೆರಳು ರಿಮೋಟಿನ ಗುಂಡಿ ಒತ್ತಿ ಅವರನ್ನು ಮುಂದಕ್ಕೆ ಓಡಿಸಿಬಿಡುತ್ತದೆ. ಕ್ಯಾಸೆಟ್ಟನ್ನು ಬಾಡಿಗೆಗೆ ತಂದು ನೋಡುತ್ತಿದ್ದ ಕಾಲದಲ್ಲಿ, ಮಕ್ಕಳು ಚಿಕ್ಕವರಿದ್ದಾಗ, ಹಿಡಿದ ಅಭ್ಯಾಸ ಇದು. ರಿಮೋಟು ಕೈಗೆ ಸಿಗದಿದ್ದರೆ ಜೋರಾಗಿ ಕೆಮ್ಮುತ್ತಿದ್ದೆ. ಕೆಮ್ಮಿಗೂ ಬಗ್ಗದಿದ್ದರೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ನನ್ನ ಮಗಳಿಗೆ ಈಗ ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ಮೊನ್ನೆ ಬಂದವಳು ಹೇಳಿದಳು: "ಅಪ್ಪಾ, ಕಾಲೇಜಿಗೆ ಸೇರೋವರೆಗೂ ನಾನು, ಪ್ರೀತಿ ಮಾಡೋರೆಲ್ಲಾ ಹಾಗೇ ದಡಬಡ ಅಂತ ಓಡಾಡ್ತಾರೆ ಅಂದ್ಕೊಂಡಿದ್ದೆ."

ಈ ಹೆಬ್ಬೆರಳಿನ ಕೀರ್ತಿ ಬಡಾವಣೆಯಲ್ಲಿ ಹಬ್ಬಿದ್ದರಿಂದಲೇ ಇರಬೇಕು, ಜಯನಗರದ ನಮ್ಮ ಹಿರಿಯರ ಸಿನಿಮಾ ಕೂಟದವರು ನನ್ನನ್ನು ಅವಿರೋಧವಾಗಿ ಕಾರ್ಯದರ್ಶಿ ಮಾಡಿದರು. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ಬಡಾವಣೆ ಸಂಘದ ಮಹಡಿಯ ಹಾಲಿನಲ್ಲಿ ಸೇರುತ್ತೇವೆ. ಪ್ರೊಜೆಕ್ಟರ್ ಇದೆ, ಗೋಡೆಯಗಲದ ಪರದೆ ಇದೆ. ಮಂಡಿನೋವು ಇದ್ದವರಿಗೆ ಮೊದಲ ಸಾಲು ಎಂಬ ನಿಯಮವೂ ಇರುವುದರಿಂದ ಎಲ್ಲರೂ ಮೊದಲ ಸಾಲಿನಲ್ಲೇ ಕೂರಲು ನೋಡುತ್ತಾರೆ. ಸಿನಿಮಾ ಮುಗಿದ ಮೇಲೆ ಪ್ರತಿಯೊಬ್ಬರೂ ಎದ್ದು ಅಭಿಪ್ರಾಯ ಹೇಳಬೇಕು. ಹೇಳಿದವರಿಗೆ ಉಪ್ಪಿಟ್ಟು, ಕಾಫಿ. ಅಧ್ಯಕ್ಷರಾದ ಶೇಷಗಿರಿ ರಾಯರು ನಿವೃತ್ತ ಇಂಜಿನಿಯರು, ಶಿಸ್ತಿನ ಮನುಷ್ಯ. 'ಸಂಸಾರ ಸಮೇತ ನೋಡುವಂತಿರಬೇಕು' ಎನ್ನುವುದು ಅವರು ಹಾಕಿದ ಒಂದೇ ಷರತ್ತು. ಹಾಗಾಗಿ ಕಾರ್ಯದರ್ಶಿಯಾದವನು ಸಿನಿಮಾವನ್ನು ಮನೆಯಲ್ಲಿ ಮೊದಲೇ ನೋಡಿರಬೇಕು, ಪ್ರದರ್ಶನದ ದಿನ ಪರದೆಯ ಪಕ್ಕದ ಮೂಲೆಯಲ್ಲಿ ರಿಮೋಟು ಹಿಡಿದು ಕೂರಬೇಕು, ಮುಜುಗರ ಬಂದ ಕಡೆ ಓಡಿಸಬೇಕು. ಆರು ವರ್ಷದಿಂದ ಓಡಿಸುತ್ತಾ ಬಂದಿದ್ದೇನೆ. ಒಂದು ದೂರೂ ಬಂದಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಕಾಫಿ ಲೋಟ ತೊಳೆಯುವ ನಲ್ಲಿಯ ಹತ್ತಿರ ಲೀಲಾ ಟೀಚರ್ ನನ್ನನ್ನು ಹಿಡಿದುಕೊಂಡರು. ಲೀಲಾ ಟೀಚರ್ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಬನಶಂಕರಿ ಎರಡನೇ ಹಂತದಲ್ಲಿ ಕಮಲಾ ಮೇಡಂ ಜೊತೆಗಿದ್ದಾರೆ. ಕಮಲಾ ಮೇಡಂ ಸಸ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದವರು. ಮೂವತ್ತೆಂಟು ವರ್ಷದಿಂದ ಇಬ್ಬರದೂ ಒಂದೇ ಮನೆ, ಒಂದೇ ತರಕಾರಿ ಚೀಲ. ನಾವೆಲ್ಲ 'ಪಾಪ, ಇಬ್ಬರಿಗೂ ಮದುವೆಯಾಗಲಿಲ್ಲ, ಒಬ್ಬರಿಗೊಬ್ಬರು ಜೊತೆ' ಎಂದು ಹೇಳಿ ಆ ವಿಷಯವನ್ನು ಅಲ್ಲಿಗೆ ಮುಗಿಸಿದ್ದೆವು.

"ಸಾರ್, ಇಬ್ಬರು ಹೆಂಗಸರು ಪ್ರೀತಿಸೋ ಸಿನಿಮಾ ಒಂದು ಹಾಕಿ," ಅಂದರು.

ನಾನು ಅತ್ತಿತ್ತ ನೋಡಿದೆ. ಸಹಾಯಕ್ಕೆ ಯಾರೂ ಇರಲಿಲ್ಲ.

"ಕಮಲಾಗೆ ಕಣ್ಣು ಹೋಗ್ತಾ ಇದೆ ಸಾರ್. ನಡುವೆ ಎಲ್ಲಾ ಕಪ್ಪು, ಅಂಚಲ್ಲಿ ಒಂಚೂರು ಕಾಣತ್ತೆ. ಅದೂ ಎಷ್ಟು ದಿನಾನೋ ಗೊತ್ತಿಲ್ಲ ಅಂದಿದಾರೆ ಡಾಕ್ಟ್ರು. ಮೊಬೈಲಲ್ಲಿ ಇಬ್ಬರೂ ಸುಮಾರು ನೋಡಿದೀವಿ, ಬಾಗಿಲು ಹಾಕ್ಕೊಂಡು. ದೊಡ್ಡ ಪರದೆ ಮೇಲೆ, ಗೊತ್ತಿರೋ ಜನರ ಮಧ್ಯೆ ಕೂತ್ಕೊಂಡು, ನಮ್ಮ ಕಥೆ ಒಂದ್ಸಲ ನೋಡ್ಬೇಕು ಅಂತ ಅವಳಿಗಾಸೆ."

'ನಮ್ಮ ಕಥೆ' ಅಂದರು. ಎರಡೂ ಎರಡೂ ನಾಲ್ಕು ಎನ್ನುವಷ್ಟು ಸರಾಗವಾಗಿ ಅಂದರು. ಮೂವತ್ತೆಂಟು ವರ್ಷ ನಾವು ಯಾರೂ ಕೇಳದ್ದನ್ನು, ಅವರು ಯಾರಿಗೂ ಹೇಳದ್ದನ್ನು, ಲೋಟ ತೊಳೆಯುತ್ತಾ ಹೇಳಿ ಮುಗಿಸಿದರು. "ನೋಡೋಣ ಮೇಡಂ," ಎಂದೆ. "ನೋಡೋಣ ಅಂದ್ರೆ ಆಗಲ್ಲ ಅಂತ ಅರ್ಥ ಸಾರ್. ನಾನೂ ಪೇರೆಂಟ್ಸ್ ಹತ್ರ ಅದನ್ನೇ ಹೇಳ್ತಿದ್ದೆ," ಎಂದರು. ಇನ್ನೇನು ಮಾಡಲಿ, ಮಾತು ಕೊಟ್ಟೆ.

ಕೊಟ್ಟ ಮೇಲೆ ಹುಡುಕಬೇಕಲ್ಲ. ನಾನೂ ನನ್ನ ಹೆಂಡತಿ ವಿಮಲಾಳೂ ಮೂರು ವಾರ ಸಂಜೆ ಹೊತ್ತು ಕೂತು, ಗಂಡಸರು ಗಂಡಸರನ್ನೂ ಹೆಂಗಸರು ಹೆಂಗಸರನ್ನೂ ಪ್ರೀತಿಸುವ ಸಿನಿಮಾಗಳನ್ನು ಒಂಬತ್ತು ನೋಡಿದೆವು. ಒಂಬತ್ತರ ಬಲದ ಮೇಲೆ ಅಭಿಪ್ರಾಯ ಹೇಳುವುದು ಉದ್ಧಟತನ ಹೌದು, ಆದರೆ ನಮ್ಮ ಕೂಟದಲ್ಲಿ ಅರ್ಧ ನಿದ್ದೆ ಮಾಡಿದವರೂ ಅಭಿಪ್ರಾಯ ಹೇಳುತ್ತಾರೆ. ಮೊದಲನೆಯದಾಗಿ, ಈ ಸಿನಿಮಾಗಳಲ್ಲಿ ವಿಪರೀತ ಚಳಿ. ಇಬ್ಬರು ಗಂಡಸರು ಪ್ರೀತಿಸಬೇಕಾದರೆ ಸ್ವೆಟರ್ ಕಡ್ಡಾಯ, ಇಬ್ಬರು ಹೆಂಗಸರಾದರೆ ಸಮುದ್ರ ಕಡ್ಡಾಯ. ಯಾರೂ ಹೊಟ್ಟೆ ತುಂಬಾ ಊಟ ಮಾಡುವುದಿಲ್ಲ. ಕೊನೆಗೆ ಒಬ್ಬರು ಸಾಯುತ್ತಾರೆ, ಸಾಯದಿದ್ದರೆ ರೈಲು ಹತ್ತುತ್ತಾರೆ. ನಾಲ್ಕನೆಯ ಸಿನಿಮಾದಲ್ಲೂ ಒಬ್ಬಳು ಹೋಗಿಬಿಟ್ಟಾಗ ವಿಮಲಾ ಸೆರಗಿನಲ್ಲಿ ಮೂಗು ಒರೆಸಿಕೊಂಡು ಸಿಟ್ಟಿಗೆದ್ದಳು: "ಏನ್ರೀ ಇದು, ಪ್ರೀತಿ ಮಾಡಿದ್ರು ಅಂತ ಎಲ್ಲರನ್ನೂ ಸಾಯಿಸಿಬಿಡೋದಾ? ಕಣ್ಣು ಹೋಗ್ತಿರೋ ಆ ಹೆಂಗಸಿಗೆ ಇದನ್ನ ತೋರಿಸ್ತೀರಾ?"

ನಮ್ಮ ಹಳೆಯ ಸಿನಿಮಾಗಳದ್ದು ಇನ್ನೊಂದು ಥರ. ಅಲ್ಲಿ ಇಂಥವನು ಬರುತ್ತಿದ್ದುದೇ ನಗಿಸುವುದಕ್ಕೆ, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಕುಣಿಸುತ್ತಾ. ನಾನು ಬಿದ್ದು ಬಿದ್ದು ನಕ್ಕಿದ್ದೇನೆ. ಒಮ್ಮೆ ಕಚೇರಿಯ ಸಹೋದ್ಯೋಗಿಯೊಬ್ಬ ಜೊತೆಗೆ ಬಂದಿದ್ದ. ಮದುವೆ ವಿಷಯ ತೆಗೆದರೆ ಸುಮ್ಮನಾಗುತ್ತಿದ್ದವನು. ಅಂಥ ದೃಶ್ಯವೊಂದಾದ ಮೇಲೆ ಇಂಟರ್‌ವಲ್ಲಿಗೆ ಎದ್ದು ಹೋದವನು ವಾಪಸ್ಸು ಬರಲಿಲ್ಲ. ಹೊಟ್ಟೆನೋವಿರಬೇಕು ಎಂದುಕೊಂಡು ಅವನ ಪಾಲಿನ ಕಡಲೆಕಾಯಿಯನ್ನೂ ನಾನೇ ತಿಂದಿದ್ದೆ. ಈ ಮೂರು ವಾರದಲ್ಲಿ ಅವನು ಬಹಳ ಸಲ ನೆನಪಾದ. ಅವನಿಗೆ ಹೊಟ್ಟೆನೋವಿರಲಿಲ್ಲ ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ನಾಚಿಕೆಯಾಯಿತು.

ಆದರೂ ಹೇಳುತ್ತೇನೆ, ಬೆರಗಾದೆ. ಒಂದು ಸಿನಿಮಾದಲ್ಲಿ ಇಬ್ಬರು ನಡುವಯಸ್ಸಿನ ಗಂಡಸರು ಒಗೆದು ಒಣಗಿದ ಹಾಸಿಗೆಯ ಹೊದಿಕೆಯನ್ನು ಆಚೆ ತುದಿ ಈಚೆ ತುದಿ ಹಿಡಿದು ಮಡಿಸುತ್ತಾರೆ. ಅಷ್ಟೇ. ನಾಲ್ಕು ನಿಮಿಷ. ಮಡಿಕೆ ಮಡಿಕೆಗೂ ಹತ್ತಿರ ಬರುತ್ತಾರೆ, ಕೊನೆಯ ಮಡಿಕೆಗೆ ಬೆರಳು ತಾಗುತ್ತದೆ. ನನ್ನ ಮೈ ಜುಮ್ಮೆಂದಿತು. ನಾನೂ ವಿಮಲಾಳೂ ಸಾವಿರಾರು ಹೊದಿಕೆ ಮಡಿಸಿದ್ದೇವೆ, ಪ್ರತಿ ಸಲವೂ 'ಸರಿಯಾಗಿ ಹಿಡ್ಕೊಳ್ರೀ' ಎಂಬ ಮಾತಿನೊಂದಿಗೆ. ಊರಿಗೆ ಊರೇ ಒಪ್ಪಿ ಅಕ್ಷತೆ ಹಾಕಿದ ನಮಗೆ ಪ್ರೀತಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂಬ ಧೈರ್ಯ. ಇವರಿಗೆ ಬಾಗಿಲು ಮುಚ್ಚಿರುವಷ್ಟು ಹೊತ್ತು ಮಾತ್ರ ಅದು. ಒಂದು ಮಡಿಕೆಯನ್ನೂ ಅವರು ದಂಡ ಮಾಡುವುದಿಲ್ಲ.

ಒಂಬತ್ತನೆಯದನ್ನು ವಿಮಲಾ ಆರಿಸಿದಳು. ಯಾವುದೋ ದೇಶದ ಸಣ್ಣ ಊರು, ಸಮುದ್ರವಿಲ್ಲ. ಅರವತ್ತು ದಾಟಿದ ಇಬ್ಬರು ಹೆಂಗಸರು ಸೇರಿ ಹೊಲಿಗೆ ಅಂಗಡಿ ನಡೆಸುತ್ತಾರೆ. ಒಬ್ಬಳ ತಮ್ಮ ಬಂದು ಅಂಗಡಿ ಮುಚ್ಚಿ ನನ್ನ ಜೊತೆ ಬಾ ಎಂದು ಕರೆಯುತ್ತಾನೆ, ಅವಳು ಹೋಗುವುದಿಲ್ಲ. ಯಾರೂ ಸಾಯುವುದಿಲ್ಲ. ಮುಕ್ಕಾಲು ಭಾಗ ಆದ ಮೇಲೆ ಇಬ್ಬರೂ ಜಗಳವಾಡಿ ರಾಜಿಯಾಗುವ ಒಂದು ದೃಶ್ಯ ಬರುತ್ತದೆ. ಒಬ್ಬಳು ಇನ್ನೊಬ್ಬಳ ಎದುರು ಬಂದು ನಿಂತು ಸುಮ್ಮನಾದಳು, ನನ್ನ ಹೆಬ್ಬೆರಳು ಎದ್ದಿತು, ವಿಮಲಾ ರಿಮೋಟು ಕಿತ್ತುಕೊಂಡಳು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ತಿರುಗಿ ಬಂದಾಗ ವಿಮಲಾಳ ಕಣ್ಣು ಕೆಂಪಾಗಿತ್ತು. "ಇದನ್ನೇ ಹಾಕಿ. ಆ ಸೀನ್ ಓಡಿಸಿದ್ರೋ, ನೋಡಿ ಮತ್ತೆ," ಎಂದಳು.

ಮುಂದಿನ ಕೂಟದ ಭಾನುವಾರ ಲೀಲಾ ಟೀಚರ್ ಕಮಲಾ ಮೇಡಂ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದರು. ಕಮಲಾ ಮೇಡಂ ರೇಷ್ಮೆ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು, ಹತ್ತಿರದವರ ಮದುವೆಗೆ ಬಂದವರ ಹಾಗೆ ಬಂದಿದ್ದರು. ರಾಯರು "ಏನ್ರೀ ಮೂರ್ತಿ, ಕಥೆ ಏನು?" ಎಂದು ಕೇಳಿದರು. "ಹೊಲಿಗೆ ಅಂಗಡಿ ಸಾರ್," ಎಂದೆ. "ಶ್ರಮಜೀವಿಗಳ ಚಿತ್ರ! ಒಳ್ಳೇದು," ಎಂದು ಕೂತರು.

ಸಿನಿಮಾ ಶುರುವಾಯಿತು. ಪರದೆಯ ಮೇಲೆ ಆಗುವುದನ್ನೂ ಕೆಳಗೆ ಬರುವ ಇಂಗ್ಲಿಷ್ ಮಾತನ್ನೂ ಲೀಲಾ ಟೀಚರ್ ಕಮಲಾ ಮೇಡಂ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಡುತ್ತಿದ್ದರು. ಇಂಗ್ಲಿಷ್ ಅಕ್ಷರದ ವೇಗಕ್ಕೆ ಸೋತ ಅಕ್ಕಪಕ್ಕದವರೂ ಅತ್ತ ಕಿವಿ ಚಾಚಿದರು. ಇಬ್ಬರು ಹೆಂಗಸರು ಬರೀ ಪಾಲುದಾರರಲ್ಲ ಎಂದು ಹಾಲಿನಲ್ಲಿದ್ದವರಿಗೆ ಅರ್ಥವಾದಾಗ ಕುರ್ಚಿಗಳು ಒಮ್ಮೆ ಕಿರುಗುಟ್ಟಿದವು, ಆಮೇಲೆ ಸುಮ್ಮನಾದವು. ಜಗಳದ ದೃಶ್ಯ ಬಂತು. ಒಬ್ಬಳು ಇನ್ನೊಬ್ಬಳ ಎದುರು ಬಂದು ನಿಂತಳು. ದೇವರಾಣೆ ನಾನು ಒತ್ತಲಿಲ್ಲ, ಹೆಬ್ಬೆರಳು ಒತ್ತಿತು. ಪರದೆಯ ಮೇಲೆ ಇಬ್ಬರೂ ಇರುವೆಗಳ ಹಾಗೆ ಅತ್ತಿತ್ತ ಹರಿದಾಡಿ, ಬೆಳಗಾಗಿ, ಅಂಗಡಿ ಬಾಗಿಲು ತೆರೆದು ನಿಂತರು.

ಲೀಲಾ ಟೀಚರ್ ಎದ್ದು ನಿಂತರು. ಸಿಟ್ಟಿರಲಿಲ್ಲ, ತರಗತಿಯಲ್ಲಿ ತಪ್ಪು ಲೆಕ್ಕ ಕಂಡಾಗಿನ ದನಿ. "ಸಾರ್, ಹಿಂದಕ್ಕೆ ಹಾಕ್ತೀರಾ? ನಾನು ಕಮಲಾಗೆ ಹೇಳ್ತಾ ಇದ್ದೆ. ಇಷ್ಟು ಬೇಗ ಹೇಳಕ್ಕೆ ಆಗಲ್ಲ ನಂಗೆ."

ರಾಯರು ತಿರುಗಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಯಾಕೆ ಓಡ್ಸಿದ್ರಿ?"

"ಮುಜುಗರ ಸಾರ್," ಎಂದೆ.

"ಯಾರಿಗೆ?"

ಹಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹಿಂದಕ್ಕೆ ಹಾಕಲು ಹೊರಟೆ. ಆಗ ಗೊತ್ತಾಯಿತು, ಹಿಂದಕ್ಕೆ ಹಾಕುವ ಗುಂಡಿಯನ್ನು ಈ ಜನ್ಮದಲ್ಲಿ ನಾನು ಮುಟ್ಟಿಯೇ ಇಲ್ಲ. ಏನೋ ಒತ್ತಿದೆ, ಸಿನಿಮಾ ಮೊದಲಿಗೆ ಹೋಯಿತು. ಇನ್ನೇನೋ ಒತ್ತಿದೆ, ಪರದೆ ನೀಲಿಯಾಯಿತು. "ಮುಂದೆ ಹೋಗೋದು ಬಿಟ್ರೆ ನಿಮಗೆ ಏನೂ ಬರಲ್ವೇನ್ರೀ?" ಎಂದರು ರಾಯರು. ಕೊನೆಗೆ ವಿಮಲಾ ಬಂದು, ನನ್ನ ಕಡೆ ತಿರುಗಿಯೂ ನೋಡದೆ, ರಿಮೋಟು ತೆಗೆದುಕೊಂಡು ಸರಿ ಮಾಡಿದಳು.

ದೃಶ್ಯ ಮತ್ತೆ ಶುರುವಾಯಿತು. ಹಾಲ್ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಲೀಲಾ ಟೀಚರ್ ಪಿಸುಮಾತು ಕೊನೆಯ ಸಾಲಿಗೂ ಕೇಳುತ್ತಿತ್ತು. "ಕಮಲಾ, ಅವಳು ಬಿಸಿನೀರು ತಂದ್ಳು, ಬೇಸಿನ್ನಲ್ಲಿ. ನೆಲದ ಮೇಲೆ ಕೂತ್ಳು, ಸೊಂಟ ಹಿಡ್ಕೊಂಡೇ ಕೂತ್ಳು. ಇವಳ ಕಾಲನ್ನ ತೊಡೆ ಮೇಲೆ ಇಟ್ಕೊಂಡು ಉಗುರು ಕತ್ತರಿಸ್ತಿದಾಳೆ. ಇವಳು ಅಳ್ತಿದಾಳೆ. ಇಲ್ಲ ಇಲ್ಲ, ನಗ್ತಿದಾಳೆ. ಒಂದೊಂದೇ ಬೆರಳು ಒರೆಸ್ತಿದಾಳೆ. ಈಗ ಪಾದಕ್ಕೆ ಮುತ್ತು ಕೊಟ್ಳು. ಹಿಮ್ಮಡಿ ಒಡೆದಿದ್ಯಲ್ಲ, ಅಲ್ಲಿಗೆ." ಆ ದನಿ ಒಂದಿಷ್ಟೂ ತಗ್ಗಲಿಲ್ಲ, ನಡುಗಲಿಲ್ಲ. ತಮ್ಮ ಮನೆಯೊಳಗಿನ ಮಾತನ್ನು ಮೂವತ್ತು ಜನರ ನಡುವೆ ಹೀಗೆ ಹೇಳುವ ಧೈರ್ಯವನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

ಅಭಿಪ್ರಾಯದ ಸರದಿ ಬಂತು. ಒಬ್ಬರು "ನಂಗೆ ಇದೆಲ್ಲಾ ಒಗ್ಗಲ್ಲ" ಎಂದು ನೇರವಾಗಿ ಹೇಳಿ ಕೂತರು. ರಾಯರು ಎದ್ದರು. "ನನ್ನ ಹೆಂಡ್ತಿ ಹೋಗಿ ಮೂರು ವರ್ಷ ಆಯ್ತು. ಬಗ್ಗಿ ನನ್ನ ಕಾಲುಗುರು ಕತ್ತರಿಸ್ಕೊಳ್ಳಕ್ಕೆ ನಂಗಾಗಲ್ಲ. ಅವಳಿದ್ದಾಗ ಅವಳೇ ಮಾಡ್ತಿದ್ಲು. ನಾನು ಪೇಪರ್ ಓದ್ತಾ ಕಾಲು ಚಾಚಿರ್ತಿದ್ದೆ, ಒಂದಿನಾನೂ ತಿರುಗಿ ನೋಡಿಲ್ಲ. ಇದು ಸಂಸಾರ ಸಮೇತ ನೋಡೋ ಸಿನಿಮಾನೇ," ಎಂದು ಕೂತುಬಿಟ್ಟರು. ಆಮೇಲೆ ಉಪ್ಪಿಟ್ಟು. ಒಗ್ಗಲ್ಲ ಎಂದವರಿಗೆ ಲೀಲಾ ಟೀಚರ್ ತಾವೇ ಬಡಿಸಿದರು, ಗೋಡಂಬಿ ಇದ್ದ ಕಡೆಯಿಂದಲೇ ಹುಡುಕಿ.

ಇಳಿಯುವಾಗ ಕಮಲಾ ಮೇಡಂ ನನ್ನ ಮೊಣಕೈ ಹಿಡಿದುಕೊಂಡರು. "ತುಂಬಾ ಉಪಕಾರ ಆಯ್ತು ಸಾರ್. ಆ ಸೀನ್ ಮುಗೀತಿದ್ದಂಗೇ ನಾನು ಲೀಲಾಗೆ, ಸಿನಿಮಾ ಇರಲಿ, ಜನರ ಮುಖ ಹೇಗಿತ್ತು ಹೇಳು ಅಂದೆ. ನಂಗೆ ಅದೇ ಬೇಕಾಗಿತ್ತು."

"ಏನಂದ್ರು ಮೇಡಂ?"

"ಎಲ್ಲರೂ ಕಣ್ಣು ಬಿಟ್ಕೊಂಡು ಪರದೆ ನೋಡ್ತಿದ್ರು, ಒಬ್ಬರು ಮಾತ್ರ ಜನರನ್ನ ನೋಡ್ತಿದ್ರು ಅಂದ್ಲು. ನೀವಂತೆ." ಎಂದು ನಗುತ್ತಾ, ಕಾಣದ ಮೆಟ್ಟಿಲನ್ನು ಕಾಲಿನಿಂದ ಹುಡುಕಿಕೊಂಡು, ಲೀಲಾ ಟೀಚರ್ ಭುಜ ಹಿಡಿದು ಇಳಿದು ಹೋದರು.

ಅವರ ಮಾತು ನಿಜ. ಯಾರ ಹುಬ್ಬು ಗಂಟಿಕ್ಕಿದೆ, ಯಾರು ಎದ್ದು ಹೋಗುತ್ತಾರೆ ಎಂದು ನಾನು ಸಾಲು ಸಾಲಾಗಿ ಲೆಕ್ಕ ಹಾಕುತ್ತಾ ಕೂತಿದ್ದೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು: ಇಷ್ಟು ಉದ್ದಕ್ಕೆ ನಿಮಗೆ ಅಭಿಪ್ರಾಯ ಹೇಳಿದ ನಾನು ಆ ದೃಶ್ಯವನ್ನು ಕಣ್ಣಾರೆ ಕಂಡೇ ಇಲ್ಲ. ನನಗೆ ಗೊತ್ತಿರುವುದಿಷ್ಟೂ ಲೀಲಾ ಟೀಚರ್ ಹೇಳಿದ್ದು. ವಿಮಲಾಳಿಗೆ ಇದನ್ನು ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

"ಅದಕ್ಕೇನಂತೆ, ಈಗಲೇ ಹಾಕ್ತೀನಿ, ಕೂತ್ಕೊಳ್ಳಿ. ಇಲ್ಲಿ ಮುಖ ನೋಡಕ್ಕೆ ಯಾರೂ ಇಲ್ಲ."

"ನೀನಿದ್ದೀಯಲ್ಲೇ," ಎಂದೆ, ನಲವತ್ತೊಂದು ವರ್ಷದ ಹೆಂಡತಿಗೆ. "ನಾಚಿಕೆ ಆಗತ್ತೆ."